ಪ್ಯಾಕರ್ಸ್ ಆಂಡ್ ಮೂವರ್ಸ್ ನೆರವಿಲ್ಲದೆ ಬೆಂಗಳೂರಿನಿಂದ ಧಾರವಾಡಕ್ಕೆ ಮನೆ ಸಾಗಿಸುವುದು ಹೇಗೆ?

ಪ್ರಶ್ನೆ: ಹೊಸಬಿಡಾರ

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯ ಕಾರಣ ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ಸಂಸಾರವನ್ನು ಬೆಂಗಳೂರಿನ ವಿಜಯನಗರದಿಂದ ಧಾರವಾಡಕ್ಕೆ ಸಾಗಿಸಬೇಕಾಗಿದೆ. ಮಗಳ ಶಾಲೆ ಆರಂಭವಾಗುವುದರೊಳಗೆ, ಆಷಾಢ ಹಿಡಿಯುವ ಮೊದಲೇ ಹೊಸ ಮನೆಯಲ್ಲಿ ಹಾಲುಕ್ಕಿಸಬೇಕೆಂಬುದು ತಾಯಿಯವರ ಒತ್ತಾಯ. ಈಗಿರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಹೋಗುತ್ತಿರುವುದು ನೆಲಮಹಡಿಯ ಬಾಡಿಗೆ ಮನೆಗೆ. ಫ್ರಿಜ್, ಮುಂಬಾಗಿಲಿನ ವಾಷಿಂಗ್ ಮಷೀನ್, ಕನ್ನಡಿಯಿರುವ ಕಬ್ಬಿಣದ ಬೀರು, ಎರಡು ಮಂಚ, ಇನ್ವರ್ಟರ್, ಒಂದು ಸ್ಕೂಟರ್ ಮತ್ತು ಅಳತೆ ಮೀರಿದಷ್ಟು ಪುಸ್ತಕಗಳಿವೆ. ಹಿಂದೊಮ್ಮೆ ಒಂದು ಸಂಸ್ಥೆಯವರು ಫೋನಿನಲ್ಲಿ ಒಂದು ದರ ಹೇಳಿ, ಸಾಮಾನೆಲ್ಲ ಲಾರಿಗೆ ಏರಿದ ಮೇಲೆ ಮತ್ತೊಂದು ದರ ಕೇಳಿದ್ದರಿಂದ, ಈ ಬಾರಿ ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕೆಂದಿದ್ದೇವೆ. ಯಾವ ವಾಹನ ಗೊತ್ತುಮಾಡಬೇಕು, ಕೆಲಸವನ್ನು ಯಾವ ಕ್ರಮದಲ್ಲಿ ನಡೆಸಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೇ ಬಾಡಿಗೆದಾರ

ನೀವು ಹೇಳಿರುವುದರಲ್ಲಿ ಕಷ್ಟದ ಭಾಗವೆಂದರೆ ಸುಮಾರು 430 ಕಿಲೋಮೀಟರಿನ ದಾರಿಯಲ್ಲ, ಮೂರು ಮಹಡಿಯ ಮೆಟ್ಟಿಲು. ಸಾಮಾನಿಗೆ ಪೆಟ್ಟು ಬೀಳುವುದು ಹೆದ್ದಾರಿಯಲ್ಲಿ ಕಡಿಮೆ, ಮೆಟ್ಟಿಲ ತಿರುವಿನಲ್ಲಿ ಹೆಚ್ಚು. ಆದ್ದರಿಂದ ಕಟ್ಟುವ ಕೆಲಸವನ್ನು ನೀವೇ ಮಾಡಿ, ವಾಹನವನ್ನೂ ನೀವೇ ಗೊತ್ತುಮಾಡಿ. ಆದರೆ ಇಳಿಸಿ ಏರಿಸುವುದಕ್ಕೆ ಎರಡೂ ಊರುಗಳಲ್ಲಿ ಹಮಾಲರನ್ನು ಕರೆಯುವುದರಲ್ಲಿ ಜಿಪುಣತನ ಬೇಡ. ಸ್ನೇಹಿತರು ವಿಶ್ವಾಸದಿಂದ ಬರುತ್ತಾರೆ, ಆದರೆ ಬೀರುವಿನ ಭಾರಕ್ಕೆ ಅವರ ಬೆನ್ನು ಒಗ್ಗಿರುವುದಿಲ್ಲ. ಮಹಡಿ ಎಷ್ಟು, ಲಿಫ್ಟ್ ಇದೆಯೇ, ಮನೆಯ ಬಾಗಿಲಿಗೂ ವಾಹನ ನಿಲ್ಲುವ ಜಾಗಕ್ಕೂ ಎಷ್ಟು ದೂರ ಎಂಬುದನ್ನು ಮೊದಲೇ ತಿಳಿಸಿ ಕೂಲಿ ಮಾತಾಡಿಕೊಳ್ಳಿ. ವಿಜಯನಗರದ ಅಡ್ಡರಸ್ತೆಗಳಲ್ಲಿ ಎರಡೂ ಬದಿ ಕಾರುಗಳು ನಿಂತಿರುತ್ತವೆಯಾದ್ದರಿಂದ, ಹಿಂದಿನ ರಾತ್ರಿಯೇ ನೆರೆಹೊರೆಯವರಿಗೆ ಹೇಳಿ ಗೇಟಿನ ಮುಂದೆ ಜಾಗ ಹಿಡಿದಿಡುವುದು ಒಳ್ಳೆಯದು.

ಊರೊಳಗಿನ ಸಾಗಾಟವಾಗಿದ್ದರೆ ಟಾಟಾ ಏಸ್ ಎರಡು ಸಲ ಓಡಾಡಿದರೂ ಸಾಕಾಗುತ್ತಿತ್ತು. ಧಾರವಾಡಕ್ಕೆ ಅದು ಆಗದು. ಮುಕ್ಕಾಲು ಟನ್ನಿನ ಆಸುಪಾಸು ಹೊರುವ ಗಾಡಿಯಲ್ಲಿ ನಿಮ್ಮ ಪುಸ್ತಕಗಳೇ ದೊಡ್ಡ ಪಾಲನ್ನು ನುಂಗಿಬಿಡುತ್ತವೆ. 14 ಅಡಿಯ ಕ್ಯಾಂಟರ್ ನೋಡಿ. ಹುಬ್ಬಳ್ಳಿ ಕಡೆಯಿಂದ ಸರಕು ತಂದು ಇಳಿಸಿ ಖಾಲಿ ಮರಳುವ ವಾಹನ ಸಿಕ್ಕರೆ ಬಾಡಿಗೆಯಲ್ಲಿ ಗಣನೀಯ ಉಳಿತಾಯವಾಗುತ್ತದೆ. ಯಶವಂತಪುರದ ಎಪಿಎಂಸಿ ಸುತ್ತಮುತ್ತ ವಿಚಾರಿಸಿದರೆ ಇಂಥ ರಿಟರ್ನ್ ಲೋಡಿನ ಚಾಲಕರು ಸಿಗುತ್ತಾರೆ. ಆದರೆ ಹಿಂದಿನ ದಿನ ಅದರಲ್ಲಿ ಏನು ತಂದಿದ್ದರೆಂದು ಕೇಳಿ. ಈರುಳ್ಳಿಯ ವಾಸನೆ ಹಾಸಿಗೆಗೆ ಹತ್ತಿದರೆ ಬೇಗ ಬಿಡುವುದಿಲ್ಲ, ಆದ್ದರಿಂದ ತಳವನ್ನು ಗುಡಿಸಿ ಒಂದು ತಾಡಪಾಲು ಹಾಸಿಯೇ ಸಾಮಾನು ಏರಿಸಿ. ಹಳದಿ ಫಲಕದ ವಾಹನವನ್ನೇ ಆರಿಸಿಕೊಳ್ಳಿ. ಡೀಸೆಲ್, ಟೋಲ್, ಚಾಲಕನ ಬಾಟಾ, ಇಳಿಸುವುದು ತಡವಾದರೆ ಕಾಯುವ ಹಣ, ಇವೆಲ್ಲ ಬಾಡಿಗೆಯಲ್ಲೇ ಸೇರಿವೆಯೇ ಎಂಬುದನ್ನು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಬರೆಸಿಕೊಳ್ಳಿ. ನೀವು ಹಿಂದೆ ಅನುಭವಿಸಿದ ತೊಂದರೆಗೆ ಮದ್ದು ಅದೇ. ಮೇ ತಿಂಗಳ ಸಂಜೆಯ ಮಳೆಯನ್ನು ನಂಬುವಂತಿಲ್ಲ, ಮೇಲೆ ಹೊದಿಸುವ ತಾಡಪಾಲು ಮತ್ತು ಹಗ್ಗ ಯಾರವೆಂಬುದೂ ಇತ್ಯರ್ಥವಾಗಿರಲಿ.

ಲೋಡು ತುಂಬುವಾಗ ನೀವು ಲಾರಿಯ ಬಳಿಯೇ ನಿಲ್ಲಿ, ಮನೆಯೊಳಗೆ ಬೇರೆ ಯಾರಾದರೂ ಇರಲಿ. ಬೀರು, ಫ್ರಿಜ್, ವಾಷಿಂಗ್ ಮಷೀನ್ ಕ್ಯಾಬಿನ್ನಿಗೆ ಒತ್ತಿಕೊಂಡು ನೇರವಾಗಿ ನಿಲ್ಲಬೇಕು. ಬೀರುವಿನ ಕನ್ನಡಿ ಒಳಮುಖವಾಗಿರಲಿ, ಅದಕ್ಕೂ ಪಕ್ಕದ ವಸ್ತುವಿಗೂ ನಡುವೆ ಹಾಸಿಗೆಯನ್ನು ಸಿಕ್ಕಿಸಿದರೆ ಬೇರೆ ಕವಚವೇ ಬೇಕಿಲ್ಲ. ಪುಸ್ತಕದ ಡಬ್ಬಗಳು ತಳದಲ್ಲಿ, ಹಗುರವಾದವು ಮೇಲೆ. ಮಂಚವನ್ನು ಬಿಚ್ಚಿದ ಕೂಡಲೇ ಅದರ ಬೋಲ್ಟುಗಳನ್ನು ಒಂದು ಚೀಲಕ್ಕೆ ಹಾಕಿ ಅದೇ ಮಂಚದ ತಲೆಹಲಗೆಗೆ ಟೇಪಿನಿಂದ ಅಂಟಿಸಿ. ಎಲ್ಲ ಮಂಚಗಳ ಬೋಲ್ಟನ್ನು ಒಂದೇ ಡಬ್ಬಕ್ಕೆ ಸುರಿಯುವವರು ರಾತ್ರಿ ನೆಲದ ಮೇಲೆ ಮಲಗುತ್ತಾರೆ.

ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಮಂಜು ಕರಗಿಸಿ, ಒರೆಸಿ ಒಣಗಿಸಿ. ಮೆಟ್ಟಿಲಲ್ಲಿ ವಾಲಿಸಲೇಬೇಕಾದರೆ ವಾಲಿಸಲಿ, ಆದರೆ ಮಲಗಿಸಬಾರದು. ಧಾರವಾಡ ತಲುಪಿದ ಮೇಲೆ ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಕೆಲವು ಗಂಟೆ ಬಿಟ್ಟು ಸ್ವಿಚ್ ಹಾಕಿ. ಮುಂಬಾಗಿಲಿನ ವಾಷಿಂಗ್ ಮಷೀನಿಗೆ ಕೊಂಡಾಗ ಬಂದಿದ್ದ ಟ್ರಾನ್ಸಿಟ್ ಬೋಲ್ಟುಗಳು ಮನೆಯಲ್ಲಿ ಎಲ್ಲೋ ಇರುತ್ತವೆ, ಈಗಿನಿಂದಲೇ ಹುಡುಕಿ. ಅವನ್ನು ಹಿಂಭಾಗದಲ್ಲಿ ಬಿಗಿಯದೆ ಸಾಗಿಸಿದರೆ ಒಳಗಿನ ಡ್ರಮ್ ದಾರಿಯುದ್ದಕ್ಕೂ ಕುಲುಕಾಡಿ ಹಾಳಾಗುತ್ತದೆ.

ಉತ್ತರ: ಸಂಸಾರವಂತೆ

ಮೇಲಿನವರು ಅಡುಗೆಮನೆಯ ಬಗ್ಗೆ ಏನೂ ಹೇಳಿಲ್ಲ, ಗಂಡಸರ ಪಟ್ಟಿಗಳಲ್ಲಿ ಅದು ಹೀಗೆಯೇ ಬಿಟ್ಟುಹೋಗುತ್ತದೆ. ಕಟ್ಟುವುದನ್ನು ಅಟ್ಟದಿಂದ ಆರಂಭಿಸಿ, ಅಡುಗೆಮನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕಳೆದ ಸಲ ಬಂದಾಗ ಕಟ್ಟಿದ್ದ ಹಗ್ಗವನ್ನು ಇನ್ನೂ ಬಿಚ್ಚದ ಗಂಟೊಂದು ಅಟ್ಟದಲ್ಲಿ ಇದ್ದೇ ಇರುತ್ತದೆ. ಅದನ್ನು ಧಾರವಾಡಕ್ಕೆ ಒಯ್ಯುವ ಅಗತ್ಯವಿಲ್ಲ, ಗುಜರಿಯವನಿಗೆ ಕೊಡಿ. ದಿನಸಿಯನ್ನು ಎರಡು ವಾರ ಮೊದಲೇ ತರುವುದು ನಿಲ್ಲಿಸಿ, ಇರುವುದನ್ನು ಖಾಲಿ ಮಾಡುತ್ತ ಬನ್ನಿ.

ಗಾಜಿನ ಲೋಟ, ಬಾಟಲಿಗಳಿಗೆ ಮದ್ಯದಂಗಡಿಯ ರಟ್ಟಿನ ಡಬ್ಬಗಳಷ್ಟು ಅನುಕೂಲವಾದದ್ದು ಬೇರೆ ಇಲ್ಲ. ಒಳಗೆ ಅಡ್ಡಪಟ್ಟಿಗಳಿರುವುದರಿಂದ ಒಂದಕ್ಕೊಂದು ತಾಗುವುದಿಲ್ಲ. ತಾಯಿಯವರಿಗೆ ಮುಜುಗರವಾದರೆ ಹೊರಗಿನ ಚಿತ್ರಗಳ ಮೇಲೆ ಹಾಳೆ ಅಂಟಿಸಿ. ಪುಸ್ತಕಕ್ಕೂ ಇಂಥ ಚಿಕ್ಕ ಡಬ್ಬಗಳೇ ಸರಿ, ದೊಡ್ಡ ಡಬ್ಬಕ್ಕೆ ತುಂಬಿದರೆ ಎತ್ತುವಾಗ ತಳ ಕಿತ್ತುಹೋಗುತ್ತದೆ. ಪಾತ್ರೆಗಳ ನಡುವೆ ಹಳೆಯ ಹತ್ತಿ ಸೀರೆ, ಬೆಡ್‌ಶೀಟು ತುರುಕಿದರೆ ಬಟ್ಟೆಯೂ ಸಾಗಿತು, ಬಬಲ್ ರ‍್ಯಾಪಿನ ಖರ್ಚೂ ಉಳಿಯಿತು. ಉಪ್ಪಿನಕಾಯಿ ಭರಣಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆಯಿಟ್ಟು, ಅದರ ಮೇಲೆ ಬಟ್ಟೆ ಬಿಗಿದು, ಬಕೆಟ್ಟಿನೊಳಗೆ ನಿಲ್ಲಿಸಿ ಕಾರಿನಲ್ಲೋ ರೈಲಿನಲ್ಲೋ ನಿಮ್ಮ ಜೊತೆಯಲ್ಲೇ ಒಯ್ಯಿರಿ. ಗ್ರೈಂಡರಿನ ಗುಂಡುಕಲ್ಲನ್ನು ತೆಗೆದು ಬೇರೆಯಾಗಿ ಸುತ್ತಿ.

ಡಬ್ಬಗಳ ಮೇಲೆ ಹೊಸ ಮನೆಯ ಕೋಣೆಯ ಹೆಸರನ್ನು ಬರೆಯಿರಿ, ಹಳೆಯ ಮನೆಯದ್ದಲ್ಲ. ಆಗ ಧಾರವಾಡದ ಹಮಾಲರು ಪ್ರತಿ ಡಬ್ಬಕ್ಕೂ ನಿಮ್ಮನ್ನು ಕೂಗಬೇಕಾಗುವುದಿಲ್ಲ. ದೀಪ, ದೇವರ ಪಟ, ಹಾಲುಕ್ಕಿಸುವ ಪಾತ್ರೆ, ಬೆಂಕಿಪೊಟ್ಟಣ, ಒಂದು ಇಂಡಕ್ಷನ್ ಒಲೆ, ಪೊರಕೆ, ಚಾಕು, ತಾಯಿಯವರ ಔಷಧಿ, ಇವುಗಳ ಚೀಲ ಲಾರಿಗೆ ಹೋಗಲೇಬಾರದು.

ಉತ್ತರ: ಧಾರವಾಡದವ

ನಮ್ಮ ಊರಿಗೆ ಸ್ವಾಗತ. ಕಾಗದಪತ್ರಗಳ ವಿಷಯವನ್ನಷ್ಟೇ ಸೇರಿಸುತ್ತೇನೆ. ಗ್ಯಾಸ್ ಸಿಲಿಂಡರನ್ನು ಲಾರಿಯಲ್ಲಿ ತರಬೇಡಿ. ಊರು ಬದಲಾಗುವುದರಿಂದ ಸಿಲಿಂಡರ್ ಮತ್ತು ರೆಗ್ಯುಲೇಟರನ್ನು ಬೆಂಗಳೂರಿನ ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ಟರ್ಮಿನೇಷನ್ ವೋಚರ್ ತೆಗೆದುಕೊಳ್ಳಿ. ಇಲ್ಲಿನ ಏಜೆನ್ಸಿಯಲ್ಲಿ ಅದನ್ನು ತೋರಿಸಿ, ಈಗಿನ ದರದ ಠೇವಣಿ ಕಟ್ಟಿದರೆ ಸಂಪರ್ಕ ದೊರೆಯುತ್ತದೆ. ಹಳೆಯ ಸಂಪರ್ಕವಾಗಿದ್ದರೆ ಹಿಂದೆ ಬರುವ ಠೇವಣಿ ತೀರ ಕಡಿಮೆಯಿರುತ್ತದೆ, ಗಾಬರಿಯಾಗಬೇಡಿ.

ವಿದ್ಯುತ್ತಿನ ವಿಷಯದಲ್ಲಿ ನೀವು ಬೆಸ್ಕಾಂ ಬಿಟ್ಟು ಹೆಸ್ಕಾಂ ವ್ಯಾಪ್ತಿಗೆ ಬರುತ್ತೀರಿ. ಗೃಹಜ್ಯೋತಿಯ ಫಲಾನುಭವಿಯಾಗಿದ್ದರೆ ನಿಮ್ಮ ಆಧಾರ್ ಹಳೆಯ ಮನೆಯ ಆರ್‌ಆರ್ ಸಂಖ್ಯೆಗೆ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಗೆ, ಜೋಡಣೆಯಾಗಿರುತ್ತದೆ. ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿಕೊಂಡ ನಂತರವೇ ಇಲ್ಲಿಯ ಮೀಟರಿಗೆ ನೋಂದಾಯಿಸಿ. ಮನೆ ಬಿಡುವ ದಿನ ಮೀಟರಿನ ಅಂಕಿಯ ಫೋಟೊ ತೆಗೆದು ಮಾಲೀಕರಿಗೆ ಕಳಿಸಿದರೆ ಅಡ್ವಾನ್ಸ್ ಹಿಂದಿರುಗಿಸುವಾಗ ಲೆಕ್ಕದ ತಕರಾರು ಇರುವುದಿಲ್ಲ.

ದಾರಿಯ ತಪಾಸಣೆಯ ಬಗ್ಗೆ ಕೆಲವರು ಹೆದರಿಸುತ್ತಾರೆ. ಬಳಸಿದ ಗೃಹೋಪಯೋಗಿ ಸಾಮಾನುಗಳಿಗೆ ಇ-ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ದಾಖಲೆ) ಬೇಕಿಲ್ಲ. ಆದರೂ ಸಾಮಾನಿನ ಪಟ್ಟಿಯೊಂದನ್ನು ಬರೆದು ಸಹಿ ಮಾಡಿ, ಆಧಾರ್ ಪ್ರತಿ ಮತ್ತು ಬಾಡಿಗೆ ಕರಾರಿನ ಪ್ರತಿಯೊಡನೆ ಚಾಲಕನ ಕೈಗೆ ಕೊಡಿ.

ಹೊಸಬಿಡಾರ

ಎಲ್ಲರಿಗೂ ಧನ್ಯವಾದಗಳು. ಹಮಾಲರನ್ನು ಕರೆಯುವುದೆಂದು ಮನೆಯಲ್ಲೂ ಒಪ್ಪಿಗೆಯಾಯಿತು. ಸ್ಕೂಟರನ್ನು ಅದೇ ಕ್ಯಾಂಟರಿನಲ್ಲಿ ಹಾಕುವುದೇ, ರೈಲಿನಲ್ಲಿ ಕಳಿಸುವುದೇ? ಇನ್ವರ್ಟರಿನ ಬ್ಯಾಟರಿಯನ್ನು ಸಾಗಿಸುವುದು ಸುರಕ್ಷಿತವೇ?

ಉತ್ತರ: ಹಳೇ ಬಾಡಿಗೆದಾರ

ಕ್ಯಾಂಟರಿನಲ್ಲಿ ಜಾಗವಿದ್ದರೆ ಸ್ಕೂಟರ್ ಅದರಲ್ಲೇ ಬರಲಿ, ರೈಲಿಗೆ ಕಳಿಸಿದರೆ ಗೋಣಿತಾಟು ಸುತ್ತಿಸುವುದು, ಪಾರ್ಸೆಲ್ ಕಚೇರಿಗೆ ಎರಡೂ ಊರುಗಳಲ್ಲಿ ಅಲೆಯುವುದು ನಿಮ್ಮ ಪಾಲಿಗೆ ಬರುತ್ತದೆ. ಯಾವ ದಾರಿಯಾದರೂ ಪೆಟ್ರೋಲನ್ನು ಮೊದಲು ತೆಗೆಯಿರಿ. ಸ್ಕೂಟರನ್ನು ಹಿಂಬಾಗಿಲ ಬಳಿ ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಹಗ್ಗ ಎಳೆದು ಕಟ್ಟಿಸಿ. ರಾಜ್ಯ ಬದಲಾಗದಿರುವುದರಿಂದ ಮರುನೋಂದಣಿಯ ಗೋಜಿಲ್ಲ. ಆರ್‌ಸಿಯಲ್ಲಿ ವಿಳಾಸ ಬದಲಿಸಲು 30 ದಿನಗಳೊಳಗೆ ಅರ್ಜಿ ಹಾಕಿದರಾಯಿತು.

ನಿಮ್ಮದು ನೀರು ಹಾಕುವ ಟ್ಯೂಬುಲಾರ್ ಬ್ಯಾಟರಿಯಾಗಿದ್ದರೆ ಅದು ವಾಲದಂತೆ ನೋಡಿಕೊಳ್ಳುವುದೇ ಮುಖ್ಯ, ಒಳಗಿರುವುದು ಆಮ್ಲ. ಇನ್ವರ್ಟರಿನ ಪ್ಲಗ್ ಕಿತ್ತು, ಋಣ ತುದಿಯ ತಂತಿಯನ್ನು ಮೊದಲು ಬಿಚ್ಚಿ, ಎರಡೂ ತುದಿಗಳಿಗೆ ಟೇಪು ಸುತ್ತಿ. ಅದರ ಟ್ರಾಲಿಯಿಂದ ಇಳಿಸಿ, ಹಾಸಿಗೆ ಬಟ್ಟೆಗಳಿಂದ ದೂರ, ಲಾರಿಯ ಒಂದು ಮೂಲೆಯಲ್ಲಿ ಪುಸ್ತಕದ ಡಬ್ಬಗಳ ಒತ್ತಿನಲ್ಲಿ ನೇರವಾಗಿ ನಿಲ್ಲಿಸಿ, ಮೇಲೆ ಏನನ್ನೂ ಇಡಬೇಡಿ. ಮೆಟ್ಟಿಲಲ್ಲಿ ಅದನ್ನು ಇಬ್ಬರು ಹಿಡಿದೇ ಇಳಿಸಬೇಕೆಂದು ಹಮಾಲರಿಗೆ ಮೊದಲೇ ಹೇಳಿಬಿಡಿ, ಒಬ್ಬನೇ ಹೆಗಲಿಗೇರಿಸಿಕೊಳ್ಳಲು ಬಿಡಬೇಡಿ.