ಆಕ್ಸಿಡೆಂಟ್ ಕೇಸಲ್ಲಿ ಆಸ್ಪತ್ರೆ ಬಿಲ್ ಬಿಟ್ಟು ಇನ್ನೇನು ಕೇಳಬಹುದು? ಅನುಭವ ಇದ್ದವರು ಹೇಳಿ

ಶಿರಾದ ಒಬ್ಬ ಅಕ್ಕ ಕೇಳಿದ್ದು:

ನನ್ನ ತಮ್ಮನಿಗೆ 34 ವರ್ಷ. ಟೈಲ್ಸ್ ಹಾಕುವ ಕೆಲಸ. ನಾಲ್ಕು ತಿಂಗಳ ಹಿಂದೆ ಬೈಕಲ್ಲಿ ಮನೆಗೆ ಬರುವಾಗ ಹೈವೇಯಲ್ಲಿ ಹಿಂದಿನಿಂದ ಕಾರು ಗುದ್ದಿತು. ಬಲಗಾಲಿನ ತೊಡೆ ಮೂಳೆಗೆ ರಾಡು, ಮಂಡಿ ಕೆಳಗೆ ಪ್ಲೇಟು ಹಾಕಿದ್ದಾರೆ. ಈಗ ವಾಕರ್ ಹಿಡಿದು ನಡೆಯುತ್ತಾನೆ. ಮಂಡಿ ಪೂರ್ತಿ ಮಡಚುವುದಿಲ್ಲ. ಆಸ್ಪತ್ರೆಗೆ 3 ಲಕ್ಷ 40 ಸಾವಿರ ಆಯಿತು, ಅದರಲ್ಲಿ ಅರ್ಧ ಸಾಲ. ಪೊಲೀಸ್ ಕೇಸ್ ಆಗಿದೆ, ಕಾರಿಗೆ ಇನ್ಶೂರೆನ್ಸ್ ಇದೆ. ಪರಿಚಯದವರೊಬ್ಬರು "ಬಿಲ್ ದುಡ್ಡು ಬರುತ್ತೆ, ಮೇಲೆ ಸ್ವಲ್ಪ ಸೇರಿಸಿ ಕೊಡ್ತಾರೆ, ಅಷ್ಟೇ" ಅಂತಾರೆ. ಇನ್ನೊಬ್ಬರು "ಎರಡೂವರೆ ಲಕ್ಷಕ್ಕೆ ಸಹಿ ಹಾಕಿ ಮುಗಿಸಿಬಿಡಿ" ಅಂತಾರೆ. ನಿಜಕ್ಕೂ ಯಾವ್ಯಾವುದಕ್ಕೆ ಪರಿಹಾರ ಕೇಳಬಹುದು? ಏನೇನು ಕಾಗದ ಇಟ್ಟುಕೊಳ್ಳಬೇಕು? ಇದನ್ನೆಲ್ಲ ಕಂಡವರು ದಯವಿಟ್ಟು ಹೇಳಿ.

ತುಮಕೂರಿನಿಂದ:

ಅಕ್ಕಾ, ಬೇರೆಲ್ಲಕ್ಕಿಂತ ಮೊದಲು ದಿನ ಎಣಿಸಿ. 2022ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ. ಅಪಘಾತ ಆದ ಆರು ತಿಂಗಳೊಳಗೆ ಕ್ಲೈಮ್ ಅರ್ಜಿ ಹಾಕಬೇಕು. ಈ ಗಡುವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದ್ದಾರೆ ನಿಜ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ನಿಮಗೆ ಇನ್ನು ಎರಡೇ ತಿಂಗಳು ಇದೆ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸ ಇರುವ ಊರಿನ ವ್ಯಾಪ್ತಿಯ, ಅಪಘಾತ ಪರಿಹಾರದ ಕೇಸು ನಡೆಸುವ ಟ್ರಿಬ್ಯೂನಲ್‌ನಲ್ಲೇ ಅರ್ಜಿ ಹಾಕಬಹುದು. ಓಡಾಟ ಉಳಿಯುತ್ತದೆ.

ಹಾಸನದಿಂದ:

ನಮ್ಮ ಮನೆಯವರು ಗಾರೆ ಕೆಲಸ ಮಾಡುತ್ತಿದ್ದರು. 2019ರಲ್ಲಿ ಲಾರಿ ತಗುಲಿ ಎಡಗಾಲು ಮುರಿಯಿತು. ಕೇಸು ಮೂರು ವರ್ಷ ನಡೆಯಿತು. ನಿಮ್ಮ ಪ್ರಶ್ನೆ ಓದಿ ಆ ದಿನಗಳೆಲ್ಲ ಕಣ್ಣಮುಂದೆ ಬಂದವು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

"ಬಿಲ್ ದುಡ್ಡು ಬರುತ್ತೆ ಅಷ್ಟೇ" ಅನ್ನುವ ಮಾತು ಸುಳ್ಳು. ಬಿಲ್ ದುಡ್ಡು ಒಂದು ಭಾಗ ಮಾತ್ರ. ರಾಜ್‌ಕುಮಾರ್ ಕೇಸು ಅಂತ ಸುಪ್ರೀಂ ಕೋರ್ಟ್‌ನ 2010ರ ತೀರ್ಪು ಇದೆ. ಗಾಯಾಳು ಏನೇನು ಕೇಳಬಹುದು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ನಮ್ಮ ವಕೀಲರು ಅದನ್ನೇ ಇಟ್ಟುಕೊಂಡು ಅರ್ಜಿ ಬರೆದರು.

ಲೆಕ್ಕ ತೋರಿಸಬಹುದಾದ ನಷ್ಟ ಒಂದು ಕಡೆ. ಆಸ್ಪತ್ರೆ, ಔಷಧಿ, ಆಂಬುಲೆನ್ಸ್, ಡ್ರೆಸ್ಸಿಂಗ್‌ಗೆ ಹೋಗಿಬಂದ ಆಟೋ ಬಾಡಿಗೆ, ಪೌಷ್ಟಿಕ ಆಹಾರ ಎಲ್ಲ ಇದರಲ್ಲಿ ಬರುತ್ತದೆ. ಜೊತೆಗೆ ನೋಡಿಕೊಂಡವರ ಖರ್ಚೂ ಇದೆ. ಇದನ್ನು ಎಷ್ಟೋ ಜನ ಕೇಳುವುದೇ ಇಲ್ಲ. ನಾನು ಗಾರ್ಮೆಂಟ್ಸ್ ಕೆಲಸ ಬಿಟ್ಟು 22 ದಿನ ಆಸ್ಪತ್ರೆಯಲ್ಲಿ ಇದ್ದೆ, ಆಮೇಲೆ ಮನೆಯಲ್ಲಿ ಎರಡು ತಿಂಗಳು. ಅದನ್ನೂ ಬರೆಸಿದೆವು. ಮಲಗಿದ್ದಷ್ಟು ತಿಂಗಳ ದುಡಿಮೆ ನಷ್ಟ ಬೇರೆ. ಮುಂದಿನ ಚಿಕಿತ್ಸೆಯ ಖರ್ಚು ಬೇರೆ. ನಿಮ್ಮ ತಮ್ಮನಿಗೆ ರಾಡು ತೆಗೆಯಬೇಕಾದರೆ ಅದಕ್ಕೆ ಎಷ್ಟಾಗುತ್ತದೆ ಅಂತ ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಈಗಲೇ ಬರೆಸಿಕೊಳ್ಳಿ. ಬಾಯಿ ಮಾತು ನಡೆಯುವುದಿಲ್ಲ.

ಇನ್ನೊಂದು ಕಡೆ ಬಿಲ್ಲೇ ಇಲ್ಲದ ನಷ್ಟ. ನೋವು, ಯಾತನೆಗೆ ಒಂದು ಮೊತ್ತ. ಮೊದಲಿನ ಹಾಗೆ ಬದುಕಲು ಆಗದೆ ಇರುವುದಕ್ಕೆ ಇನ್ನೊಂದು ಮೊತ್ತ. ಮಗುವನ್ನು ಎತ್ತಿಕೊಳ್ಳಲು ಆಗದಿರುವುದು, ಹಬ್ಬಕ್ಕೆ ನೆಲದ ಮೇಲೆ ಪಂಕ್ತಿಯಲ್ಲಿ ಕೂರಲು ಆಗದಿರುವುದು, ಇವೆಲ್ಲ ನಷ್ಟವೇ ಅಲ್ವಾ? ಮದುವೆ ಆಗದವರಿಗೆ ಮದುವೆಯ ಅವಕಾಶ ಕಡಿಮೆಯಾಗಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆಯಸ್ಸೇ ಕಡಿಮೆಯಾಗುವಂಥ ಗಾಯವಾದರೆ ಅದಕ್ಕೂ ಇದೆ.

ಎಲ್ಲಕ್ಕಿಂತ ದೊಡ್ಡದು ಶಾಶ್ವತ ಅಂಗವಿಕಲತೆಯಿಂದ ಮುಂದೆ ಹೋಗುವ ದುಡಿಮೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಡಾಕ್ಟರ್ ಹೇಳುವ ಪರ್ಸೆಂಟ್ ಬೇರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವ ಪರ್ಸೆಂಟ್ ಬೇರೆ. ಎರಡನೆಯದನ್ನು ಜಡ್ಜ್ ತೀರ್ಮಾನ ಮಾಡುತ್ತಾರೆ. ಅದೇ 2010ರ ತೀರ್ಪಿನಲ್ಲಿ ಉದಾಹರಣೆ ಕೊಟ್ಟಿದ್ದಾರೆ: ಎಡಗೈ ಹೋದರೆ ಬಡಗಿಗೋ ಡ್ರೈವರ್‌ಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದ ಹಾಗೆ, ಸರ್ಕಾರಿ ಗುಮಾಸ್ತನಿಗೆ ಹಾಗಲ್ಲ.

ನಮ್ಮ ಕೇಸಿನ ಒಂದು ಮಧ್ಯಾಹ್ನ ನನಗೆ ಮರೆಯುವುದಿಲ್ಲ. ಡಾಕ್ಟರ್ ಸಾಕ್ಷಿ ಹೇಳಲು ಬಂದಿದ್ದರು. ಇನ್ಶೂರೆನ್ಸ್ ವಕೀಲರು ಪಾಟಿ ಸವಾಲಿನಲ್ಲಿ "ಮೂಳೆ ಕೂಡಿಕೊಂಡಿದೆ ತಾನೇ?" ಅಂದರು. ಹೌದು. "ನಡೆಯುತ್ತಾರೆ ತಾನೇ?" ಹೌದು. ನನಗೆ ಎದೆ ಧಸಕ್ಕೆಂದಿತು. ಆಮೇಲೆ ನಮ್ಮ ವಕೀಲರು ಎದ್ದು ನಿಂತರು. "ಕುಕ್ಕರಗಾಲಲ್ಲಿ ಕೂರಲು ಆಗುತ್ತದಾ?" ಇಲ್ಲ. "ಸಿಮೆಂಟ್ ಬಾಂಡ್ಲಿ ಹೊತ್ತು ಏಣಿ ಹತ್ತಲು?" ಇಲ್ಲ. ಡಾಕ್ಟರ್ ಕಾಲಿಗೆ 39 ಪರ್ಸೆಂಟ್ ಅಂತ ಹೇಳಿದ್ದರು. ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ, ಅಂದರೆ 13. ಗಾರೆ ಕೆಲಸ ಅನ್ನುವ ಕಾರಣಕ್ಕೆ ಜಡ್ಜ್ 20 ಹಿಡಿದರು. ನಿಮ್ಮ ತಮ್ಮ ಟೈಲ್ಸ್ ಕೆಲಸದವನು. ಆ ಕೆಲಸ ಪೂರ್ತಿ ಕುಕ್ಕರಗಾಲಲ್ಲೇ. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಅಂತ ಡಾಕ್ಟರ್ ಕೈಲಿ ಅಳತೆ ಮಾಡಿಸಿ ಬರೆಸಿ. ಆ ಒಂದು ಸಾಲಿನ ಮೇಲೆ ಲಕ್ಷಗಟ್ಟಲೆ ವ್ಯತ್ಯಾಸ ಆಗುತ್ತದೆ. ಆದರೆ ಅಂಗವಿಕಲತೆ ಸರ್ಟಿಫಿಕೇಟನ್ನು ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಮಾಡಿಸಿ. ಅರ್ಜಿಯನ್ನು ಮಾತ್ರ ಅದಕ್ಕಾಗಿ ಕಾಯದೆ ಈಗಲೇ ಹಾಕಿ.

ಕಾಗದದ ವಿಷಯ. ಮೆಡಿಕಲ್ ಸ್ಟೋರ್‌ನ ಬಿಲ್‌ಗಳು ಬೇಗ ಮಾಸುತ್ತವೆ. ನಾನು ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಎಂಟು ತಿಂಗಳ ಮೇಲೆ ತೆಗೆದು ನೋಡಿದರೆ ಅರ್ಧಕ್ಕರ್ಧ ಬಿಳಿ ಹಾಳೆ. ಅಕ್ಷರವೇ ಇಲ್ಲ. ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಾ ಅತ್ತುಬಿಟ್ಟೆ. ಇವತ್ತೇ ಎಲ್ಲ ಬಿಲ್ ಜೆರಾಕ್ಸ್ ಮಾಡಿಸಿ, ಒರಿಜಿನಲ್ ಜೊತೆ ಪಿನ್ ಹೊಡೆದು ಇಡಿ.

ವಕೀಲರ ಆಫೀಸಿನಲ್ಲಿ ಬಹಳ ವರ್ಷ ಗುಮಾಸ್ತನಾಗಿದ್ದವನು:

ಹಾಸನದವರು ಚೆನ್ನಾಗಿ ಹೇಳಿದ್ದಾರೆ. ನಾನು ಲೆಕ್ಕ ಹೇಳುತ್ತೇನೆ.

ತಿಂಗಳ ಆದಾಯ 15,000 ಅಂತ ಹಿಡಿಯೋಣ. ವರ್ಷಕ್ಕೆ 1,80,000. ವಯಸ್ಸಿಗೆ ತಕ್ಕ ಹಾಗೆ ಒಂದು ಗುಣಕ ಇದೆ. 2009ರ ಸರಳಾ ವರ್ಮ ತೀರ್ಪಿನ ಪಟ್ಟಿ ಪ್ರಕಾರ 31ರಿಂದ 35 ವರ್ಷದವರಿಗೆ 16. ದುಡಿಮೆ ಶಕ್ತಿ 20 ಪರ್ಸೆಂಟ್ ಹೋಗಿದೆ ಅಂದರೆ 1,80,000 ಗುಣಿಸು 16, ಅದರಲ್ಲಿ 20 ಪರ್ಸೆಂಟ್, ಒಟ್ಟು 5,76,000. ಇದು ಒಂದೇ ಬಾಬ್ತು. ಆಸ್ಪತ್ರೆ ಖರ್ಚು, ನೋವು, ಮಲಗಿದ್ದ ಕಾಲದ ದುಡಿಮೆ ಎಲ್ಲ ಇದರ ಮೇಲೆ.

ಇನ್ನೊಂದು ಇದೆ. ಮನುಷ್ಯ ಮುಂದೆ ಇನ್ನೂ ಜಾಸ್ತಿ ದುಡಿಯುತ್ತಿದ್ದ ಅಂತ ಆದಾಯಕ್ಕೆ ಸೇರಿಸುವುದು. 2017ರ ಪ್ರಣಯ್ ಸೇಥಿ ತೀರ್ಪಿನ ಪ್ರಕಾರ ಸ್ವಂತ ದುಡಿಮೆಯವರಿಗೆ 40 ವರ್ಷದ ಒಳಗೆ 40 ಪರ್ಸೆಂಟ್. ಅದು ಸಾವಿನ ಕೇಸು. ಗಾಯಾಳುಗಳಿಗೂ ಇದು ಸಲ್ಲುತ್ತದೆ ಅಂತ 2020ರಲ್ಲಿ ಪಪ್ಪು ದೇವ್ ಯಾದವ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದನ್ನು ಸೇರಿಸಿದರೆ ಅದೇ 5,76,000 ಹೋಗಿ 8,06,400 ಆಗುತ್ತದೆ. ಎಲ್ಲ ಕೇಸಿನಲ್ಲೂ ತಾನಾಗಿ ಕೊಡುವುದಿಲ್ಲ. ಕೇಳಿ, ವಾದ ಮಾಡಿಸಿ.

ಆದಾಯಕ್ಕೆ ದಾಖಲೆ ಇಲ್ಲ ಅಂತ ಹೆದರಬೇಡಿ. ಕಾಲು ಕಳೆದುಕೊಂಡ ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿಯ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಇಂಥವರಿಂದ ಆದಾಯದ ದಾಖಲೆ ನಿರೀಕ್ಷಿಸುವುದೇ ಸರಿಯಲ್ಲ ಅಂದಿತು. ದುಡಿಮೆ ಶಕ್ತಿ 85 ಪರ್ಸೆಂಟ್ ಹೋಗಿದೆ ಅಂತ ಹಿಡಿಯಿತು. ದಾಖಲೆ ಇಲ್ಲದವರಿಗೆ ನಮ್ಮ ರಾಜ್ಯದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಒಂದು ಪಟ್ಟಿ ಇದೆ. ಅಪಘಾತ ಆದ ವರ್ಷ ನೋಡಿ ಅದರ ಪ್ರಕಾರ ಆದಾಯ ಹಿಡಿಯುತ್ತಾರೆ. ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದ ಅಂತ ತೋರಿಸಲು ಏನಿದ್ದರೂ ಕೊಡಿ. ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಬಂದ ಕೂಲಿ, ಕೆಲಸ ಕೊಟ್ಟವರ ಸಾಕ್ಷಿ.

ಆ ಎರಡೂವರೆ ಲಕ್ಷದ ಮಾತು. ಅದು ಮೋಟಾರು ವಾಹನ ಕಾಯ್ದೆಯ 164ನೇ ಕಲಂ. ತಪ್ಪು ಯಾರದು ಅಂತ ತೋರಿಸುವ ಅಗತ್ಯವಿಲ್ಲದೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ. ಮೂಳೆ ಮುರಿತ ತೀವ್ರ ಗಾಯವೇ. ತಪ್ಪು ಸಾಬೀತು ಮಾಡಲು ಆಗದವರಿಗೆ ಇದು ದೊಡ್ಡ ಆಸರೆ. ಆದರೆ ಇದನ್ನು ಒಪ್ಪಿ ತೆಗೆದುಕೊಂಡರೆ 166ನೇ ಕಲಂನ ಪೂರ್ತಿ ಕ್ಲೈಮ್ ಅಲ್ಲಿಗೇ ಬಿದ್ದುಹೋಗುತ್ತದೆ. ನಿಮ್ಮದು ಹಿಂದಿನಿಂದ ಗುದ್ದಿದ ಕೇಸು, ಆಸ್ಪತ್ರೆ ಖರ್ಚೇ ಅದಕ್ಕಿಂತ ಜಾಸ್ತಿ ಇದೆ. ದಯವಿಟ್ಟು ಸಹಿ ಹಾಕಬೇಡಿ.

ಪೊಲೀಸರಿಂದ ಎಫ್‌ಐಆರ್, ಮಹಜರು, ಸ್ಥಳದ ನಕ್ಷೆ, ಐಎಂವಿ ರಿಪೋರ್ಟ್ (ಮೋಟಾರು ವಾಹನ ಇನ್ಸ್ಪೆಕ್ಟರ್ ಗಾಡಿ ನೋಡಿ ಕೊಡುವ ವರದಿ), ವೂಂಡ್ ಸರ್ಟಿಫಿಕೇಟ್ (ಗಾಯಗಳ ಬಗ್ಗೆ ಡಾಕ್ಟರ್ ಕೊಡುವ ಪತ್ರ), ಚಾರ್ಜ್‌ಶೀಟ್ ಪ್ರತಿ ತೆಗೆದುಕೊಳ್ಳಿ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ. ಮೆಡಿಕ್ಲೇಮ್‌ನಿಂದ ಬಿಲ್ ಕಟ್ಟಿದ್ದರೆ ಮುಚ್ಚಿಡಬೇಡಿ, ವಕೀಲರಿಗೆ ಹೇಳಿ. ಆ ದುಡ್ಡನ್ನು ಕಳೆಯಬೇಕಾ ಬೇಡವಾ ಅನ್ನುವುದರಲ್ಲಿ ಕೋರ್ಟ್‌ಗಳಲ್ಲೇ ಒಂದೇ ಅಭಿಪ್ರಾಯ ಇಲ್ಲ.

ಧಾರವಾಡದಿಂದ:

ನಾನು ಕೆಲಸಕ್ಕೆ ಹೋಗುವವಳಲ್ಲ. ಭುಜ ಮುರಿದಾಗ ಅರ್ಜಿಯಲ್ಲಿ "ಗೃಹಿಣಿ" ಅಂತ ಬರೆದು ಆದಾಯದ ಜಾಗ ಖಾಲಿ ಬಿಟ್ಟಿದ್ದರು. ನಾನೇ ಹಟ ಹಿಡಿದು ತುಂಬಿಸಿದೆ. ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಅಂತ 2021ರ ಕೀರ್ತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ರೊಟ್ಟಿ ಬಡಿಯಲು ಬಲಗೈ ಏಳುವುದಿಲ್ಲ ಅಂದರೆ ಅದು ದುಡಿಮೆ ನಷ್ಟವೇ. ಇದನ್ನು ಓದುವ ಹೆಣ್ಣುಮಕ್ಕಳು ಆ ಜಾಗ ಖಾಲಿ ಬಿಡಬೇಡಿ.

ಫೀಸಿನ ಬಗ್ಗೆಯೂ ಒಂದು ಮಾತು. ಬಂದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಅಂತ ವಕೀಲರು ಕರಾರು ಮಾಡುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ. ಫೀಸನ್ನು ಮೊದಲೇ ಮಾತಾಡಿಕೊಳ್ಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಕೋಲಾರದಿಂದ:

ಗುದ್ದಿದ ಗಾಡಿ ಸಿಕ್ಕಿದೆ ಅನ್ನುವುದೇ ನಿಮ್ಮ ಪುಣ್ಯ. ನಮ್ಮ ಚಿಕ್ಕಪ್ಪನಿಗೆ ಗುದ್ದಿದ ಗಾಡಿ ಸಿಗಲೇ ಇಲ್ಲ. ಅಂಥವರಿಗೆ ಸರ್ಕಾರದ ಬೇರೆ ಯೋಜನೆ ಇದೆ, ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ. ಅರ್ಜಿ ಕೊಡಬೇಕಾದ್ದು ಕಂದಾಯ ಇಲಾಖೆಯ ಅಧಿಕಾರಿಗೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. 2025ರ ಮೇ ತಿಂಗಳಿಂದ ಮೊದಲ ಏಳು ದಿನದ ಚಿಕಿತ್ಸೆಗೆ 1.5 ಲಕ್ಷದವರೆಗೆ ನಗದಿಲ್ಲದ ಕೇಂದ್ರ ಯೋಜನೆಯೂ ಇದೆ, ಮುಂದೆ ಯಾರಿಗಾದರೂ ಬೇಕಾದೀತು.

ಬೈಕ್ ಹಿಂದೆ ಕೂತವರಿಗೆ: ನಿಮ್ಮನ್ನು ಕೂರಿಸಿಕೊಂಡವರದ್ದೇ ತಪ್ಪಾಗಿದ್ದರೆ ಆ ಬೈಕಿನ ಪಾಲಿಸಿ ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಹಿಂದೆ ಕೂತವರು ಬರುವುದಿಲ್ಲ. ಎದುರಿನ ಗಾಡಿಯ ತಪ್ಪಾಗಿದ್ದರೆ ಈ ತೊಂದರೆ ಇಲ್ಲ.

ರಾಯಚೂರಿನಿಂದ:

ಮಕ್ಕಳಿಗೆ ಗಾಯವಾದರೆ ದುಡಿಮೆ ಇಲ್ಲವಲ್ಲ ಅಂತ ಕಡಿಮೆ ಕೊಡಲು ನೋಡುತ್ತಾರೆ. ನಮ್ಮ ರಾಜ್ಯದ್ದೇ ಮಲ್ಲಿಕಾರ್ಜುನ ಕೇಸಿನಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳಿಗೆ ಅಂಗವಿಕಲತೆಯ ಪ್ರಮಾಣದ ಮೇಲೆ 1 ಲಕ್ಷದಿಂದ 6 ಲಕ್ಷದವರೆಗೆ ಪಟ್ಟಿ ಮಾಡಿತು. ಆಮೇಲಿನ ತೀರ್ಪುಗಳು ಅದನ್ನೂ ದಾಟಿ ಹೋಗಿವೆ. 2020ರಲ್ಲಿ ಕಾಜಲ್ ಅನ್ನುವ ಮಗುವಿನ ಕೇಸಿನಲ್ಲಿ ನೋಡಿಕೊಳ್ಳುವವರ ಖರ್ಚಿಗೇ 21,60,000 ಕೊಟ್ಟರು. ಇಬ್ಬರಿಗೆ ತಿಂಗಳಿಗೆ ತಲಾ 5,000, ಗುಣಕ 18. ಜೀವನಪೂರ್ತಿ ಇನ್ನೊಬ್ಬರು ಬೇಕಾದ ಗಾಯವಾಗಿದ್ದರೆ ಒಂದಿಷ್ಟು ಅಂದಾಜು ದುಡ್ಡಿಗೆ ಒಪ್ಪಬೇಡಿ, ಹೀಗೆ ಲೆಕ್ಕ ಹಾಕಿಸಿ.

ಹಾಸನದಿಂದ ಮತ್ತೆ:

ಒಂದು ಮರೆತೆ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಬೇಗ ದುಡ್ಡು ಬರುತ್ತದೆ, ಆದರೆ ಅಪೀಲ್ ಇಲ್ಲ. ಟ್ರಿಬ್ಯೂನಲ್ ತೀರ್ಪು ಕಡಿಮೆ ಅನಿಸಿದರೆ 90 ದಿನದೊಳಗೆ ಹೈಕೋರ್ಟ್‌ಗೆ ಹೋಗಬಹುದು. ಬಡ್ಡಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕುತ್ತಾರೆ, ನಮಗೆ 6 ಪರ್ಸೆಂಟ್ ಸಿಕ್ಕಿತು. ಬಂದ ದುಡ್ಡಿನಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಡೆಪಾಸಿಟ್ ಇಡಿಸಿದರು. ಸಾಲ ತೀರಿಸುವ ಲೆಕ್ಕ ಹಾಕುವಾಗ ಅದು ನೆನಪಿರಲಿ.

ಶಿರಾದ ಅಕ್ಕ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಎಣಿಸಿದೆ, ಇನ್ನು 57 ದಿನ ಇದೆ. ಸೋಮವಾರ ತುಮಕೂರಿಗೆ ಹೋಗಿ ವಕೀಲರನ್ನು ನೋಡುತ್ತೇವೆ. ಬಿಲ್ ಕವರ್ ತೆಗೆದೆ, ಆರು ಬಿಲ್ ಆಗಲೇ ಮಾಸಿವೆ. ಮೆಡಿಕಲ್ ಸ್ಟೋರ್‌ನವರು ಇನ್ನೊಂದು ಪ್ರತಿ ತೆಗೆದುಕೊಡುತ್ತೇವೆ ಅಂದಿದ್ದಾರೆ. ತಮ್ಮನಿಗೆ ನೀವು ಬರೆದಿದ್ದನ್ನೆಲ್ಲ ಓದಿ ಹೇಳಿದೆ. ಕುಕ್ಕರಗಾಲಿನ ಮಾತು ಬಂದಾಗ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಅವನಿಗೇ ನೆನಪಾಯಿತು, ಮೇಸ್ತ್ರಿ ಹತ್ತಿರ ಎರಡು ವರ್ಷದ ಹಾಜರಿ ಪುಸ್ತಕ ಇದೆಯಂತೆ, ದಿನದ ಕೂಲಿ ಸಮೇತ. ನಾಳೆ ಬೆಳಗ್ಗೆ ಹೋಗಿ ಒಂದೊಂದು ಪುಟದ ಫೋಟೋ ತೆಗೆದುಕೊಂಡು ಬರುತ್ತೇನೆ.