ಅಂಡರ್-16 ಹುಡುಗರ ರ್‍ಯಾಂಕಿಂಗ್: ಬೇಸ್‌ಬಾಲ್‌ನವರ 20–80 ಅಳತೆ ನಮ್ಮ ಮ್ಯಾಟ್ ಕ್ರಿಕೆಟ್‌ಗೆ ಹೊಂದುತ್ತಾ?

ಹೇಮಾವತಿ ಎಂಡ್, ಹಾಸನ

ನಮ್ಮ ಕ್ಲಬ್‌ನ ಅಂಡರ್-16 ಕ್ಯಾಂಪಿನಲ್ಲಿ 28 ಹುಡುಗರಿದ್ದಾರೆ. ಅರ್ಧ ಜನ ಹಾಸನದವರು, ಉಳಿದವರು ಸಕಲೇಶಪುರ, ಆಲೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು. ಇವರಲ್ಲಿ ಹತ್ತು ಜನರ ಹೆಸರನ್ನು ಡಿಸೆಂಬರ್ ಒಳಗೆ ಕ್ರಮವಾಗಿ ಬರೆದುಕೊಡಬೇಕು. ಆ ಹತ್ತು ಜನಕ್ಕೆ ಎರಡು ವರ್ಷ ಹೆಚ್ಚುವರಿ ನೆಟ್ಸ್, ಟರ್ಫ್‌ನಲ್ಲಿ (ಮ್ಯಾಟ್ ಹಾಸದ ಮಣ್ಣಿನ ಪಿಚ್) ಪಂದ್ಯಗಳು. ಅಂದರೆ ಈ ವರ್ಷ ಯಾರು ಚೆನ್ನಾಗಿ ಆಡಿದರು ಅನ್ನೋದಲ್ಲ ಪ್ರಶ್ನೆ, 19ರ ಹೊತ್ತಿಗೆ ಯಾರು ರಾಜ್ಯ ತಂಡದ ಮಟ್ಟ ಮುಟ್ಟುತ್ತಾರೆ ಅನ್ನೋದು.

ಸದ್ಯಕ್ಕೆ ಕೈಯಲ್ಲಿರೋದು ಸ್ಕೋರ್‌ಬುಕ್ ಒಂದೇ. ರನ್, ವಿಕೆಟ್ ನೋಡಿ ಜೋಡಿಸಿದರೆ ಮೇಲಿನ ನಾಲ್ಕೂ ಜನ ಆಗಲೇ ಮೀಸೆ ಮೂಡಿದವರೇ. ಬೇಸ್‌ಬಾಲ್‌ನಲ್ಲಿ ಮೈನರ್ ಲೀಗ್ (ದೊಡ್ಡ ತಂಡಗಳ ಕೆಳಹಂತ) ಹುಡುಗರನ್ನು 20ರಿಂದ 80ರ ಅಳತೆಯಲ್ಲಿ ತೂಗಿ, ಒಂದೊಂದು ತಂಡಕ್ಕೂ ಮೊದಲ 30 ಅಂತ ಪಟ್ಟಿ ಮಾಡುತ್ತಾರಲ್ಲ, ಅದನ್ನು ಇಲ್ಲಿಗೆ ತರೋದು ಹೇಗೆ?

ಮುಖ್ಯವಾಗಿ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ. ಒಬ್ಬ ಓಪನರ್ 8 ಇನ್ನಿಂಗ್ಸ್‌ನಲ್ಲಿ 7 ಸಲ ಔಟಾಗಿ 406 ರನ್ ಮಾಡಿದ್ದಾನೆ, ಸರಾಸರಿ 58. ಇನ್ನೊಬ್ಬ 20 ಇನ್ನಿಂಗ್ಸ್, 18 ಸಲ ಔಟ್, 720 ರನ್, ಸರಾಸರಿ 40. ಯಾರು ಮೇಲೆ? ಹಾಗೇ ಮ್ಯಾಟ್ ಮೇಲೆ 31 ವಿಕೆಟ್ ಕಿತ್ತ ಲೆಗ್ ಸ್ಪಿನ್ನರ್ ಮುಂದೆ, 9 ವಿಕೆಟ್ ಮಾತ್ರ ಇರುವ ಉದ್ದನೆಯ ಫಾಸ್ಟ್ ಬೌಲರ್ ಅನ್ನು ಎಲ್ಲಿ ಇಡೋದು?

ಕಡೂರು ಬಯಲು

ಸರ್, ಮೊದಲು ಆ ಅಳತೆಯ ಬುಡ ಎಲ್ಲಿದೆ ಅಂತ ನೋಡಿ. 50 ಅಂದರೆ ಮೇಜರ್ ಲೀಗ್‌ನ (ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಲೀಗ್) ಸಾಧಾರಣ ಆಟಗಾರ. ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಪ್ರತಿ 10 ಅಂಕ ಅಂದರೆ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್ (ಆಟಗಾರರು ಸರಾಸರಿಯಿಂದ ಎಷ್ಟು ಚದುರಿದ್ದಾರೆ ಅನ್ನೋ ಅಳತೆ). 60 ಪಡೆದವನು ನೂರರಲ್ಲಿ ಸುಮಾರು 84 ಜನಕ್ಕಿಂತ ಮೇಲೆ, 70 ಪಡೆದವನು 97–98 ಜನಕ್ಕಿಂತ ಮೇಲೆ. ಹಾಗಾಗಿ 70 ಬರೆಯುವಾಗ ಕೈ ಹಿಡಿಯಬೇಕು.

ಬಹಳ ಜನ ತಪ್ಪುವುದು ಇಲ್ಲೇ. ಕ್ಯಾಂಪಿನ ಸಾಧಾರಣ ಹುಡುಗನನ್ನೇ 50 ಅಂದುಕೊಳ್ಳುತ್ತಾರೆ. ಮುಂದಿನ ವರ್ಷ ಬ್ಯಾಚ್ ಸಪ್ಪೆಯಾದರೆ ಅದೇ ಹುಡುಗ ಏನೂ ಕಲಿಯದೆ 60 ಆಗಿಬಿಡುತ್ತಾನೆ. ರಾಜ್ಯದ ಅಂಡರ್-19 ತಂಡದಲ್ಲಿ ಕಾಯಂ ಆಡುವವನನ್ನು 50 ಅಂತ ನೆಟ್ಟುಬಿಡಿ, ಆಮೇಲೆ ಆ ಗೂಟ ಕದಲಿಸಬೇಡಿ. ಆಗ ನಿಮ್ಮ ಒಳ್ಳೆಯ ಹುಡುಗರಿಗೂ ಇವತ್ತಿನ ಅಂಕ 35, 40 ಬರುತ್ತದೆ. ಅದು ಸರಿಯಾದ ಅಂಕವೇ.

ಪ್ರತಿ ಗುಣಕ್ಕೂ ಎರಡು ಅಂಕ ಬರೆಯಿರಿ, ಇವತ್ತಿನದು ಮತ್ತು ಮುಂದೆ ಮುಟ್ಟಬಹುದಾದ್ದು. 30/55 ಅಂದರೆ ಇವತ್ತು 30, ಬೆಳೆದರೆ 55. ನಿಮ್ಮ ಪಟ್ಟಿ ನಿಲ್ಲೋದು ಎರಡನೆಯ ಅಂಕದ ಮೇಲೆ. ಮೊದಲನೆಯದು ಯಾಕೆ ಬೇಕು ಅಂದರೆ, ಎರಡರ ನಡುವಿನ ಅಂತರವೇ ಅಪಾಯದ ಅಳತೆ. 40/50 ಹುಡುಗ 30/50 ಹುಡುಗನಿಗಿಂತ ಗುರಿಗೆ ಹತ್ತಿರ ಇದ್ದಾನೆ.

ಬೇಸ್‌ಬಾಲ್‌ನಲ್ಲಿ ಬ್ಯಾಟರ್‌ಗೆ ನೋಡುವ ಐದು ಗುಣ: ಚೆಂಡನ್ನು ತಾಗಿಸುವುದು, ಬಲ, ಓಟ, ಎಸೆತದ ತೋಳು, ಫೀಲ್ಡಿಂಗ್. ಇದನ್ನೇ ನಕಲು ಮಾಡಿದರೆ ಕೆಲಸಕ್ಕೆ ಬರಲ್ಲ. ನಮ್ಮ ಬ್ಯಾಟ್ಸ್‌ಮನ್‌ಗೆ ಲೆಂಗ್ತ್ ಗುರುತಿಸುವುದು, ವೇಗದ ಎದುರು ಆಟ, ಸ್ಪಿನ್ ಎದುರು ಕಾಲು, ಹೊಡೆತದ ಬಲ, ಓಟ ಮತ್ತು ಫೀಲ್ಡಿಂಗ್. ಬೌಲರ್‌ಗೆ ವೇಗ (ಸ್ಪಿನ್ನರ್ ಆದರೆ ಚೆಂಡಿನ ಸುತ್ತು), ಹತೋಟಿ, ಚಲನೆ, ಪ್ರತಿ ಸಲ ಒಂದೇ ಥರ ಬರುವ ಆ್ಯಕ್ಷನ್, ಮೈ ತಾಳುವ ಶಕ್ತಿ.

ಈ ಗುಣಗಳ ಅಂಕ ಕೂಡಿಸಿ ಭಾಗಿಸಬೇಡಿ. ಹೊಡೆತದ ಬಲ 60 ಇದ್ದು ಲೆಂಗ್ತ್ ಗುರುತಿಸುವುದು 30 ಇದ್ದರೆ, ಮೇಲಿನ ಹಂತದಲ್ಲಿ ಆ ಬಲ ಹೊರಗೆ ಬರುವುದೇ ಇಲ್ಲ, ಚೆಂಡು ಬ್ಯಾಟಿಗೆ ಸಿಗಬೇಕಲ್ಲ. ಬ್ಯಾಟ್ಸ್‌ಮನ್‌ಗೆ ಲೆಂಗ್ತ್, ಬೌಲರ್‌ಗೆ ಹತೋಟಿ: ಇವೆರಡು ಹೊಸಿಲು. ಮುಂದಿನ ಅಂಕ ಇಲ್ಲಿ 45 ದಾಟದವನಿಗೆ ಉಳಿದ ಗುಣ ಎಷ್ಟಿದ್ದರೂ ಒಟ್ಟು ಅಂಕ 45 ದಾಟಿಸಬೇಡಿ.

ತೋಳು ಒಂದನ್ನೇ ನೋಡಿ ಆರಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಇದ್ದಾರೆ. ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು (ಕ್ರಿಕೆಟಿಗ ರಿಂಕು ಅಲ್ಲ), 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಆಗಿ ಸಹಿ ಹಾಕಿಸಿಕೊಂಡಿತು. ರಿಂಕು ಹಲವು ವರ್ಷ ಗಟ್ಟಿಯಾಗಿ ನಿಂತರೂ ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ. ತೋಳು ಮೊದಲೇ ಇತ್ತು, ಬ್ಯಾಟರ್‌ಗಳೆದುರು ಸಾವಿರಾರು ಎಸೆತ ಹಾಕಿ ಬರುವ ಹತೋಟಿಗೆ ವಯಸ್ಸು ಮೀರಿತ್ತು.

ಮ್ಯಾಟ್ ಎಳೆಯೋನು, ಚಿಕ್ಕಮಗಳೂರು

ಸ್ಕೋರ್‌ಬುಕ್ ಲೆಕ್ಕ ನಾನು ಹೇಳ್ತೀನಿ. ಒಂದು ಇನ್ನಿಂಗ್ಸ್‌ನ ರನ್ ಎಷ್ಟು ಏರಿಳಿಯುತ್ತೆ ಅಂದರೆ, ಆ ಏರಿಳಿತ ಹೆಚ್ಚುಕಡಿಮೆ ಸರಾಸರಿಯಷ್ಟೇ ಇರುತ್ತೆ. ಸರಾಸರಿ 45 ಇದ್ದವನು 8 ಸಲ ಔಟಾಗಿದ್ದರೆ, 45ನ್ನು 8ರ ವರ್ಗಮೂಲದಿಂದ ಭಾಗಿಸಿ, ಸುಮಾರು 16. ಅಂದರೆ ಅವನ ನಿಜವಾದ ಸರಾಸರಿ 29ರಿಂದ 61ರ ನಡುವೆ ಎಲ್ಲಿ ಬೇಕಾದರೂ ಇರಬಹುದು. 45 ಮತ್ತು 38ರ ನಡುವೆ ಎಂಟು ಇನ್ನಿಂಗ್ಸ್‌ನಲ್ಲಿ ಯಾವ ವ್ಯತ್ಯಾಸವೂ ಸಾಬೀತಾಗಲ್ಲ.

ಅದಕ್ಕೆ ಮದ್ದು: ಪ್ರತಿಯೊಬ್ಬನ ಲೆಕ್ಕಕ್ಕೂ ಕ್ಯಾಂಪಿನ ಸರಾಸರಿಯಲ್ಲಿ ಹತ್ತು ಔಟ್ ಸೇರಿಸಿ. ಕ್ಯಾಂಪಿನ ಸರಾಸರಿ 24 ಅಂತ ಇಟ್ಟುಕೊಳ್ಳಿ, ಹತ್ತು ಔಟ್‌ಗೆ 240 ರನ್. ಮೊದಲನೆಯ ಹುಡುಗ 406 + 240 = 646, 17 ಔಟ್, ಸರಾಸರಿ 38. ಎರಡನೆಯವನು 720 + 240 = 960, 28 ಔಟ್, ಸರಾಸರಿ 34. 18ರ ಅಂತರ 4ಕ್ಕೆ ಇಳಿಯಿತು ನೋಡಿ. ಇಷ್ಟು ಹತ್ತಿರ ಬಂದ ಮೇಲೆ ತೀರ್ಮಾನ ಕಣ್ಣಿನದು. ಹತ್ತು ಅನ್ನೋದು ಕೈಯಂದಾಜು, ಎಂಟಾದರೂ ನಡೆಯುತ್ತೆ, ಎಲ್ಲರಿಗೂ ಒಂದೇ ಇರಲಿ.

ಇನ್ನು ಇನ್ನಿಂಗ್ಸ್ ಯಾಕೆ ಕಡಿಮೆ ಅಂತಲೂ ನೋಡಿ. ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನಕ್ಕೆ ಇಳಿಯೋ ಹಾಗೇ ಇಲ್ಲ. ಅರಸೀಕೆರೆ, ಕಡೂರಿನ ಹುಡುಗನಿಗೆ ವರ್ಷದಲ್ಲಿ ಮೂರು–ನಾಲ್ಕು ತಿಂಗಳು ಹೆಚ್ಚು ಆಟ ಸಿಗುತ್ತೆ. ಒಟ್ಟು ರನ್ ನೋಡಿ ಸಾಲು ಮಾಡಿದರೆ ಮಲೆನಾಡಿನವರು ಮಳೆಯಿಂದಲೇ ಹಿಂದೆ ಬೀಳುತ್ತಾರೆ, ಆಟದಿಂದಲ್ಲ.

ಆಮೇಲೆ ಮ್ಯಾಟ್. ಬೇಸ್‌ಬಾಲ್ ಮೈನರ್ ಲೀಗ್ ತಂಡ ಇರೋ ಅಮೆರಿಕದ ಆಲ್ಬುಕರ್ಕಿ ಊರು 1500 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ದೂರ ಹಾರುತ್ತೆ. ಅಲ್ಲಿನ ತಂಡದ ಹುಡುಗ ಹೊಡೆದ ಹೋಮ್ ರನ್‌ಗಳನ್ನು ಯಾರೂ ಪೂರಾ ಬೆಲೆಗೆ ಕೊಳ್ಳಲ್ಲ. ನಮಗೆ ತೆಂಗಿನ ನಾರಿನ ಮ್ಯಾಟ್ ಅದೇ ಕೆಲಸ ಮಾಡುತ್ತೆ. ಬೌನ್ಸ್ ಹೆಚ್ಚು, ತಿರುವು ಹೆಚ್ಚು, ಎರಡೂ ಒಂದೇ ಥರ ಬರುತ್ತೆ. ಹಿಂಗಾಲಲ್ಲಿ ನಿಂತು ಕಟ್, ಪುಲ್ ಹೊಡೆಯೋನು ರಾಶಿ ರನ್ ಮಾಡ್ತಾನೆ. ಅವನೇ ಟರ್ಫ್‌ಗೆ ಹೋದಾಗ ಚೆಂಡು ಮೊಣಕಾಲಿಗಿಂತ ಕೆಳಗೆ ಉಳಿದು ಎಲ್‌ಬಿಡಬ್ಲ್ಯೂ, ಬೌಲ್ಡ್.

ಓಪನರ್ ಇಬ್ಬರ ರನ್ನನ್ನೂ ಹೊಡೆತದ ಪ್ರಕಾರ ಬಿಡಿಸಿ. ಮುಂಗಾಲಲ್ಲಿ ನೇರಕ್ಕೆ, ಮಿಡ್‌ವಿಕೆಟ್‌ನಿಂದ ಎಕ್ಸ್‌ಟ್ರಾ ಕವರ್ ತನಕ ಬಂದ ರನ್ ಎಷ್ಟು? ಇದು ಟರ್ಫ್‌ನಲ್ಲೂ ಉಳಿಯೋ ರನ್. ಟರ್ಫ್ ನೆಟ್ ಸಿಕ್ಕರೆ ತಲಾ 30 ಥ್ರೋಡೌನ್, ಗುಡ್ ಲೆಂಗ್ತ್‌ಗಿಂತ ಸ್ವಲ್ಪ ಹಿಂದೆ, ಸ್ಟಂಪ್ ಮೇಲೆ. ಎಷ್ಟು ಸಲ ಅಡ್ಡ ಬ್ಯಾಟ್ ಬಂತು, ಎಷ್ಟು ಸಲ ಹಿಂಗಾಲು ಹೋಗಬಾರದ ಕಡೆ ಹೋಯ್ತು ಅಂತ ಎಣಿಸಿ ಬರೀರಿ. ಮ್ಯಾಟ್ ಸಡಿಲವಿದ್ದ ದಿನದ ಲೆಕ್ಕ ಬಿಟ್ಟುಬಿಡಿ. ಮೊಳೆ ಎದ್ದು ಮಡಿಕೆ ಬಿದ್ದ ಮ್ಯಾಟ್ ಮೇಲೆ ಯಾವ ಬೌಲರ್ ಬೇಕಾದರೂ ವಿಕೆಟ್ ತೆಗೀತಾನೆ. ಚಳಿಗಾಲದ ಬೆಳಗ್ಗೆ ಇಬ್ಬನಿಗೆ ನೆನೆದ ಮ್ಯಾಟ್ ಕಥೆಯೂ ಅದೇ, ಮೊದಲ ಹತ್ತು ಓವರ್ ಚೆಂಡು ಜಾರಿ ಬರುತ್ತೆ.

ಲೆಗ್ ಸ್ಪಿನ್ನರ್‌ನ 31 ವಿಕೆಟ್ಟನ್ನೂ ಹೀಗೇ ಬಿಡಿಸಿ. 8ರಿಂದ 11ನೇ ನಂಬರ್ ಬ್ಯಾಟ್ಸ್‌ಮನ್‌ಗಳು ಎಷ್ಟು? ಬೌಂಡರಿ ಹತ್ತಿರದ ಕ್ಯಾಚ್ ಎಷ್ಟು? ಬೌಲ್ಡ್, ಸ್ಟಂಪ್ಡ್, ಸ್ಲಿಪ್ ಕ್ಯಾಚ್ ಎಷ್ಟು? ತಿರುವು ಮ್ಯಾಟ್ ಕೊಟ್ಟದ್ದೋ ಬೆರಳು ಕೊಟ್ಟದ್ದೋ ತಿಳಿಯೋಕೆ ಗಾಳಿಯಲ್ಲಿರೋ ಚೆಂಡನ್ನು ನೋಡಬೇಕು. ಸೀಮ್‌ಗೆ ಅಡ್ಡಲಾಗಿ ಬಿಳಿ ಟೇಪ್ ಚೂರು ಅಂಟಿಸಿ, ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಟ್ಟು ಹಿಂದಿನಿಂದ ತೆಗೀರಿ. ಟೇಪ್ ಒಂದು ಸುತ್ತು ಬರೋಕೆ 8 ಫ್ರೇಮ್ ಹಿಡಿದರೆ ಸೆಕೆಂಡಿಗೆ 30 ಸುತ್ತು, ನಿಮಿಷಕ್ಕೆ 1800. ದೊಡ್ಡ ಹಂತದ ಸ್ಪಿನ್ನರ್‌ಗಳು 2000 ದಾಟಿಸುತ್ತಾರೆ. 15ರ ಹುಡುಗ 1800 ಸುತ್ತಿಸಿದರೆ ಕಣ್ಣು ಮುಚ್ಚಿ ಮೇಲಿಡಿ. 12 ಫ್ರೇಮ್ ಹಿಡಿದರೆ 1200, ಆಗ ಆ ವಿಕೆಟ್‌ಗಳಲ್ಲಿ ಮ್ಯಾಟಿನ ಪಾಲು ದೊಡ್ಡದು.

ಸೀಮ್ ಅಪ್, ಮೂಡಿಗೆರೆ

ಮೇಲಿನ ಇಬ್ಬರ ಮಾತೂ ಸರಿ, ಆದರೆ ವಯಸ್ಸನ್ನು ಮುಟ್ಟದೆ ಬಿಟ್ಟಿದ್ದಾರೆ. ಬೇಸ್‌ಬಾಲ್ ಪಟ್ಟಿಯಲ್ಲಿ ಅಂಕಿಅಂಶ ನೋಡುವ ಮುನ್ನ ನೋಡೋದು ಅದನ್ನೇ. ಡಬಲ್-ಎ ಹಂತದಲ್ಲಿ (ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗೆ) 20 ವರ್ಷದವನು ಸಾಧಾರಣವಾಗಿ ಆಡಿದರೂ, ಅಲ್ಲೇ 25ರವನು ಮಿಂಚಿದ್ದಕ್ಕಿಂತ ಅದರ ಬೆಲೆ ಹೆಚ್ಚು.

ನಮ್ಮಲ್ಲಿ ವಯಸ್ಸಿನ ಗಡಿ ಸೆಪ್ಟೆಂಬರ್ 1. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹುಟ್ಟಿದವನು ಮುಂದಿನ ಜುಲೈ, ಆಗಸ್ಟ್‌ನವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು, ಆಡೋದು ಮಾತ್ರ ಒಂದೇ ಗುಂಪಲ್ಲಿ. 28 ಜನರ ಹುಟ್ಟಿದ ತಿಂಗಳನ್ನು ಹೆಸರಿನ ಪಕ್ಕ ಬರೀರಿ. ಮೀಸೆ ಮೂಡಿದ ನಾಲ್ವರು ಎಲ್ಲಿ ಬರುತ್ತಾರೆ ಅಂತ ಗೊತ್ತಾಗುತ್ತೆ. ಇನ್ನೊಂದು ಮಾತು: ಈ ಹಂತದಲ್ಲಿ ಬಿಸಿಸಿಐ ಮಣಿಕಟ್ಟಿನ ಎಕ್ಸ್‌ರೇ ನೋಡಿ ಟಿಡಬ್ಲ್ಯೂ3 ವಿಧಾನದಲ್ಲಿ ಮೂಳೆಯ ವಯಸ್ಸು ತೆಗೆಯುತ್ತೆ. ಬೇಗ ಬಲಿತ ಹುಡುಗನ ದಾಖಲೆ ಸರಿಯಿದ್ದರೂ ಅಲ್ಲಿ ತೊಡಕಾಗಬಹುದು, ಮನೆಯವರಿಗೆ ಮೊದಲೇ ತಿಳಿಸಿ.

ಎತ್ತರವನ್ನು ಮೂರು ತಿಂಗಳಿಗೊಮ್ಮೆ, ಬೆಳಗ್ಗೆ ಒಂದೇ ಹೊತ್ತಿಗೆ ಅಳೀರಿ. ಸಂಜೆಗೆ ಬೆನ್ನುಮೂಳೆ ಕುಗ್ಗಿ ಒಂದು ಸೆಂಟಿಮೀಟರ್‌ನಷ್ಟು ಕಡಿಮೆ ಬರುತ್ತೆ. ಅಪ್ಪನ ಎತ್ತರ, ಅಮ್ಮನ ಎತ್ತರ, 13 ಸೆಂಮೀ ಕೂಡಿಸಿ ಎರಡರಿಂದ ಭಾಗಿಸಿದರೆ ಹುಡುಗ ಮುಟ್ಟಬಹುದಾದ ಎತ್ತರದ ಅಂದಾಜು. ಅಪ್ಪ 170, ಅಮ್ಮ 158 ಆದರೆ 170.5. ಎಂಟು ಸೆಂಮೀ ಆಚೀಚೆ ಆಗಬಹುದು. ಈಗಾಗಲೇ 172 ಇರುವವನ ಬೆಳವಣಿಗೆ ಹೆಚ್ಚುಕಮ್ಮಿ ಮುಗಿದಿರಬಹುದು, 160 ಇರುವವನದು ಇನ್ನೂ ಬಾಕಿ.

ನಿಮ್ಮ ಉದ್ದನೆಯ ಹುಡುಗ ವರ್ಷಕ್ಕೆ 7–8 ಸೆಂಮೀ ಬೆಳೆಯುತ್ತಿದ್ದರೆ 9 ವಿಕೆಟ್ ಅನ್ನೋದಕ್ಕೆ ಅರ್ಥವೇ ಇಲ್ಲ. ಕೈಕಾಲು ಉದ್ದವಾದಷ್ಟು ಬೇಗ ಹಿಡಿತ ಬರಲ್ಲ, ರನ್‌ಅಪ್ ತಪ್ಪುತ್ತೆ, ಲೈನ್ ಚೆಲ್ಲಾಡುತ್ತೆ. ಹತೋಟಿಯ ಇವತ್ತಿನ ಅಂಕ 25 ಬರೆಯಿರಿ, ಮುಂದಿನ ಅಂಕವನ್ನು ಆರು ತಿಂಗಳು ಖಾಲಿ ಬಿಡಿ. ವೇಗ ಮಾತ್ರ ಅಳೆದಿಡಿ.

ಸ್ಪೀಡ್ ಗನ್ ಬೇಡ. ಪಕ್ಕದಿಂದ ಮೊಬೈಲ್‌ನಲ್ಲಿ 240 ಫ್ರೇಮ್ ಇಟ್ಟು, ಚೆಂಡು ಕೈ ಬಿಟ್ಟಲ್ಲಿಂದ ಪಿಚ್ ಬೀಳೋ ತನಕ ಫ್ರೇಮ್ ಎಣಿಸಿ, ದೂರ ಟೇಪ್‌ನಲ್ಲಿ ಅಳೀರಿ. 15 ಮೀಟರ್‌ಗೆ 120 ಫ್ರೇಮ್ ಅಂದರೆ ಅರ್ಧ ಸೆಕೆಂಡ್, ಗಂಟೆಗೆ 108 ಕಿಮೀ. ಫ್ರೇಮ್ ಒಂದು ತಪ್ಪಿದರೆ ಶೇಕಡಾ 1ರೊಳಗೇ ವ್ಯತ್ಯಾಸ. ದೂರದಲ್ಲಿ ಅರ್ಧ ಮೀಟರ್ ತಪ್ಪಿದರೆ ಶೇಕಡಾ 3, ಹಾಗಾಗಿ ಮ್ಯಾಟಿನ ಅಂಚಿಗೆ ಮೀಟರ್‌ಗೊಂದು ಸುಣ್ಣದ ಗುರುತು ಹಾಕಿ. ಹನ್ನೆರಡು ಎಸೆತ ತೆಗೆದು ನಡುವಿನ ಅಂಕಿ ಬರೀರಿ. ಅತಿ ವೇಗದ ಒಂದು ಎಸೆತ ಹಿಡಿದು ಬೀಗಬೇಡಿ.

ಮ್ಯಾಟ್ ಮೇಲೆ ರಬ್ಬರ್ ಅಡಿಯ ಶೂನಲ್ಲಿ ಹಾಕುವವನು ಟರ್ಫ್‌ನಲ್ಲಿ ಸ್ಪೈಕ್ಸ್ ಹಾಕಿಕೊಂಡ ಮೊದಲ ವಾರ ಕಾಲೂರೋದೇ ಬೇರೆ ಥರ. ಆ ವಾರದ ಬೌಲಿಂಗ್ ನೋಡಿ ಅಂಕ ಇಳಿಸಬೇಡಿ.

ಮೈ ತಾಳುವ ಶಕ್ತಿಗೆ ಬೇಸ್‌ಬಾಲ್‌ನವರು ಇಟ್ಟಿರೋ ಗಡಿ ನೋಡಿ: 15–16ರ ಪಿಚರ್‌ಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತ, 76 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ನಮ್ಮ ಹುಡುಗರಿಗೆ ಒಂದು ಸ್ಪೆಲ್ ಆರು ಓವರ್ ಸಾಕು. ನೆಟ್ಸ್‌ನ ಎಸೆತವೂ ಲೆಕ್ಕಕ್ಕೆ ಬರಲಿ, ಮೂರು ದಿನ ಸತತ ಹಾಕಿಸಬೇಡಿ. ಬಲಗೈ ಬೌಲರ್‌ಗೆ ಸೊಂಟದ ಎಡಭಾಗ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ ಅಂದರೆ ಅವತ್ತೇ ಬೌಲಿಂಗ್ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಕಳಿಸಿ. ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು.

ವೇಗದ ವಿಷಯದಲ್ಲಿ ನಿಮ್ಮ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಶ್ರೀನಾಥ್ ಅವರ ಹೆಸರಲ್ಲೇ ಜಾವಗಲ್ ಇದೆ, 1996ರಲ್ಲಿ ಎರಡು ಟೆಸ್ಟ್ ಆಡಿದ ಡೇವಿಡ್ ಜಾನ್ಸನ್ ಅರಸೀಕೆರೆಯವರು. ಎತ್ತರ, ವೇಗ ಇರೋ ಹುಡುಗನನ್ನು ವಿಕೆಟ್ ಲೆಕ್ಕ ಹಾಕಿ ಕೈಬಿಡಬೇಡಿ.

ಹೇಮಾವತಿ ಎಂಡ್, ಹಾಸನ

ಎಲ್ಲರಿಗೂ ಧನ್ಯವಾದ. ನಾಲ್ವರಲ್ಲಿ ಮೂವರು ಸೆಪ್ಟೆಂಬರ್–ಅಕ್ಟೋಬರ್‌ನವರೇ. ಇನ್ನೆರಡು ಪ್ರಶ್ನೆ: ಕೀಪರ್‌ನನ್ನು ಬ್ಯಾಟ್ಸ್‌ಮನ್ ಜತೆ ಹೇಗೆ ಹೋಲಿಸೋದು? ಇಬ್ಬರು ಕೋಚ್‌ಗಳ ಅಂಕ ಹೊಂದದಿದ್ದರೆ ಏನು ಮಾಡೋದು?

ಕಡೂರು ಬಯಲು

ಕೀಪರ್ ವಿಷಯಕ್ಕೆ ಬೇಸ್‌ಬಾಲ್‌ನ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್), ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವನು) ನೋಡಿ. ಈ ಜಾಗಕ್ಕೆ ಆಗುವವರು ಕಡಿಮೆ, ಹಾಗಾಗಿ ಬ್ಯಾಟಿಂಗ್ ಸ್ವಲ್ಪ ಕಡಿಮೆಯಿದ್ದರೂ ಮೇಲಿರುತ್ತಾರೆ. ಫೀಲ್ಡಿಂಗ್ ಸುಲಭವಾದ ಫಸ್ಟ್ ಬೇಸ್ ಜಾಗದಲ್ಲಿ ಮಾತ್ರ ಆಡಬಲ್ಲವನಿಗೆ ಆ ರಿಯಾಯಿತಿ ಇಲ್ಲ, ಬ್ಯಾಟ್ ಮಾತಾಡಲೇಬೇಕು. ಸ್ಪಿನ್‌ಗೆ ಸ್ಟಂಪ್ ಹತ್ತಿರ ನಿಂತು ಲೆಗ್ ಸೈಡ್ ಚೆಂಡು ಹಿಡಿಯಬಲ್ಲ ಕೀಪರ್‌ಗೆ ಒಟ್ಟು ಅಂಕದಲ್ಲಿ 5 ಸೇರಿಸಿ. ಹಿಂದೆ ನಿಂತು ಮಾತ್ರ ಹಿಡಿಯುವವನಿಗೆ ಬೇಡ. ಎಡಗೈ ಫಾಸ್ಟ್ ಬೌಲರ್ ಇದ್ದರೆ ಅವನಿಗೂ 5.

ಅಂಕ ಹಾಕುವಾಗ ಇಬ್ಬರೂ ಬೇರೆ ಬೇರೆ ಕೂತು ಬರೆಯಲಿ, ಮೊದಲು ಮಾತಾಡಿಕೊಳ್ಳಬೇಡಿ. 5ರ ವ್ಯತ್ಯಾಸ ಬಂದರೆ ನಡುವಿನದು ತೆಗೆದುಕೊಳ್ಳಿ. 10 ಅಥವಾ ಮೇಲೆ ಬಂದರೆ ಸರಾಸರಿ ಬೇಡ. ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿಲ್ಲ ಅಂತ ಅರ್ಥ. ಇಬ್ಬರೂ ಒಟ್ಟಿಗೆ ಇನ್ನೊಂದು ಪಂದ್ಯ ನೋಡಿ ಹೊಸದಾಗಿ ಬರೆಯಿರಿ.

ಒಂದರಿಂದ ಹತ್ತು ಅಂತ ನೇರವಾಗಿ ಶುರು ಮಾಡಬೇಡಿ. ಮುಂದಿನ ಒಟ್ಟು ಅಂಕ 50 ಮತ್ತು ಮೇಲಿನವರು, 45ರವರು, 40ರವರು ಅಂತ ಮೂರು ಗುಂಪು ಮಾಡಿ. ಗುಂಪಿನೊಳಗೆ ಇವತ್ತಿನ ಅಂಕ ಹೆಚ್ಚಿರೋನು ಮೇಲೆ. ಪ್ರತಿ ಹೆಸರಿನ ಮುಂದೆ ಎರಡು ಸಾಲು ಕಾರಣ, ತಾರೀಕು, ಯಾವ ಪಿಚ್‌ನಲ್ಲಿ ನೋಡಿದ್ದು, ಎಲ್ಲಾ ಇರಲಿ. ಅಕ್ಟೋಬರ್‌ನಲ್ಲಿ ಒಂದು ಸಲ, ಎಸ್ಸೆಸ್ಸೆಲ್ಸಿ ಹುಡುಗರು ಪರೀಕ್ಷೆಗೆ ಕೂರುವ ಮುನ್ನ ಫೆಬ್ರವರಿ ಮೊದಲ ವಾರ ಒಂದು ಸಲ, ಮೇ ಕೊನೆಗೆ ಮಳೆ ಹಿಡಿಯುವ ಮುನ್ನ ಒಂದು ಸಲ. ಹಳೆಯ ಹಾಳೆ ಹರಿಯಬೇಡಿ, ಎರಡು ವರ್ಷ ಕಳೆದ ಮೇಲೆ ನಿಮ್ಮ ಕಣ್ಣು ಎಲ್ಲಿ ತಪ್ಪಿತ್ತು ಅಂತ ಹೇಳೋದು ಅದೊಂದೇ.

ಫಾಸ್ಟ್ ಬೌಲರ್ ಹುಡುಗನ ಹತೋಟಿಯ ಅಂಕ ಖಾಲಿ ಇದ್ದರೂ, ಎಸೆತ 108ರ ಆಸುಪಾಸು ಬರುತ್ತಿದ್ದು ಬೆಳೆಯೋದು ಬಾಕಿ ಇದ್ದರೆ ಸದ್ಯಕ್ಕೆ 45ರ ಗುಂಪಿನ ಕೊನೆಗೆ ಹಾಕಿ, ಫೆಬ್ರವರಿಯಲ್ಲಿ ತುಂಬಿ. ಡಿಸೆಂಬರ್ ಪಟ್ಟಿಯಲ್ಲಿ ಹತ್ತನೆಯವನಿಗೂ ಹನ್ನೊಂದನೆಯವನಿಗೂ ಎರಡೂ ಅಂಕ ಒಂದೇ ಬಂದರೆ, ಹುಟ್ಟಿದ ತಾರೀಕು ನೋಡಿ ಚಿಕ್ಕವನನ್ನು ಒಳಗೆ ತೆಗೆದುಕೊಳ್ಳಿ.