ಅಮೆರಿಕದಲ್ಲಿ ಶಟ್‌ಡೌನ್ ಆದ್ರೆ ಅಲ್ಲಿನ ಸರ್ಕಾರಿ ನೌಕರರ ಮನೆ ಹೆಂಗೆ ನಡೆಯುತ್ತೆ? ಭಾವನಿಗೆ 43 ದಿನ ಸಂಬಳ ಇರ್ಲಿಲ್ವಂತೆ

ಸಕಲೇಶಪುರದ_ಮಳೆ (ಪ್ರಶ್ನೆ ಕೇಳಿದವರು)

ಎಲ್ರಿಗೂ ನಮಸ್ಕಾರ. ನಮ್ಮಕ್ಕ ಭಾವ ಮೇರಿಲ್ಯಾಂಡ್‌ನಲ್ಲಿದ್ದಾರೆ. ಭಾವ ಅಲ್ಲಿನ ಸಿಟಿಜನ್ ಆಗಿ ಆರು ವರ್ಷ ಆಯ್ತು, ಫೆಡರಲ್ ಸರ್ಕಾರದ ಒಂದು ಆಫೀಸಲ್ಲಿ ಲೆಕ್ಕಪತ್ರದ ಕೆಲಸ. ಸರ್ಕಾರಿ ಕೆಲಸ ಅಂದ್ರೆ ನಮ್ಮಮ್ಮನಿಗೆ ಅದಕ್ಕಿಂತ ಮೇಲೆ ಇನ್ನೊಂದಿಲ್ಲ, ನಮ್ಮ ಅಳಿಯ ಅಮೆರಿಕದಲ್ಲೂ ಗೌರ್ಮೆಂಟ್ ನೌಕರ ಅಂತ ಊರೆಲ್ಲಾ ಹೇಳ್ಕೊಂಡು ಬಂದಿದ್ರು. ಈಗ ನೋಡಿದ್ರೆ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಅಲ್ಲಿ ಶಟ್‌ಡೌನ್, ಅಂದ್ರೆ ದುಡ್ಡು ಮಂಜೂರಾಗದೆ ಸರ್ಕಾರಿ ಆಫೀಸುಗಳು ಬಂದ್, ಭಾವನಿಗೆ ಸಂಬಳ ಇಲ್ಲ. ನಮಗೆ ಒಂದು ಮಾತೂ ಹೇಳಿಲ್ಲ ಅವರು. ದೀಪಾವಳಿಗೆ ವಿಡಿಯೋ ಕಾಲ್ ಮಾಡಿದಾಗ ಮಕ್ಕಳು ಹಳೇ ಬಟ್ಟೇಲೇ ಇದ್ರು, ಅಮ್ಮ ಕೇಳಿದ್ದಕ್ಕೆ "ಆರ್ಡರ್ ಮಾಡಿದ್ದು ಬರೋದು ಲೇಟ್ ಆಯ್ತಮ್ಮ" ಅಂದ್ಲು ಅಕ್ಕ. ಹೋದ ವಾರ ಮಾತಾಡ್ತಾ ಮಾತಾಡ್ತಾ ಬಾಯಿ ಬಿಟ್ಲು, ಅಮ್ಮ ಅವತ್ತು ರಾತ್ರಿ ಊಟ ಮಾಡ್ಲಿಲ್ಲ.

ಭಾವ ಏನಂತಾರೆ ಅಂದ್ರೆ, ಬಾಕಿ ಸಂಬಳ ಪೂರ್ತಿ ಬಂದಿದೆ, ಏನೂ ನಷ್ಟ ಆಗಿಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡಿ ಅಂತ. ನಿಜಾನಾ ಅದು? ಅಷ್ಟು ದೊಡ್ಡ ದೇಶದಲ್ಲಿ ಸರ್ಕಾರವೇ ನೌಕರನಿಗೆ ಸಂಬಳ ಕೊಡದೆ ಹೇಗೆ ಇರುತ್ತೆ, ಯಾರೂ ಕೇಳಲ್ವಾ? 2026ರ ಜನವರಿ 30ಕ್ಕೆ ಮತ್ತೆ ಗಡುವು ಇದೆಯಂತೆ. ಅಪ್ಪ ಈ ಸಲದ ಕಾಫಿ ದುಡ್ಡಲ್ಲಿ ಒಂದಿಷ್ಟು ಕಳಿಸ್ತೀನಿ ಅಂತ ಕೂತಿದ್ದಾರೆ. ಅಲ್ಲಿರೋರು, ಅನುಭವ ಇರೋರು ದಯವಿಟ್ಟು ಹೇಳಿ.

ಪೊಟೊಮ್ಯಾಕ್_ದಂಡೆ

ತಂಗಿ, ನಾನೂ ಮೇರಿಲ್ಯಾಂಡೇ, ಫೆಡರಲ್ ಲ್ಯಾಬ್ ಒಂದರಲ್ಲಿ ಕೆಲಸ, 2013ರ 16 ದಿನದ್ದೂ ನೋಡಿದೀನಿ, ಈಗಿನದ್ದೂ ನೋಡಿದೆ. ನಿಮ್ಮ ಭಾವ ಸುಳ್ಳು ಹೇಳ್ತಿಲ್ಲ, ಆದ್ರೆ ಮನೆಯವರಿಗೆ ಹೇಳೋ ಹಾಗೆ ಹೇಳಿದಾರೆ ಅಷ್ಟೇ.

ಮೊದಲು ಏನಾಗುತ್ತೆ ಅಂತ ಹೇಳ್ತೀನಿ. ಇಲ್ಲಿ ಹಣಕಾಸು ವರ್ಷ ಶುರುವಾಗೋದು ಅಕ್ಟೋಬರ್ 1ಕ್ಕೆ. ಅಷ್ಟರೊಳಗೆ ಕಾಂಗ್ರೆಸ್ (ಇಲ್ಲಿನ ಸಂಸತ್ತು) ದುಡ್ಡು ಮಂಜೂರು ಮಾಡ್ಲಿಲ್ಲ ಅಂದ್ರೆ ನೌಕರರನ್ನ ಎರಡು ಗುಂಪು ಮಾಡ್ತಾರೆ. ಜೀವ, ಆಸ್ತಿ ರಕ್ಷಣೆಗೆ ಬೇಕಾದವರು ಸಂಬಳ ಇಲ್ಲದೆ ದಿನಾ ಕೆಲಸಕ್ಕೆ ಬರಬೇಕು, ಏರ್‌ಪೋರ್ಟ್ ಸೆಕ್ಯುರಿಟಿಯವರು, ವಿಮಾನಕ್ಕೆ ದಾರಿ ಹೇಳೋ ಕಂಟ್ರೋಲರ್‌ಗಳು, ಜೈಲಿನ ಗಾರ್ಡ್‌ಗಳು ಎಲ್ಲಾ ಇದರಲ್ಲಿ ಬರ್ತಾರೆ. ಉಳಿದವರು ಮನೇಲಿರಬೇಕು, ಅದಕ್ಕೆ ಫರ್ಲೋ ಅಂತಾರೆ. ಮನೇಲಿರೋದು ಅಂದ್ರೆ ರಜಾ ಅಂದ್ಕೋಬೇಡಿ. ಆಫೀಸಿನ ಕೆಲಸ ಮಾಡೋದೂ ಕಾನೂನಿಗೆ ವಿರುದ್ಧ, ಬಿಟ್ಟಿಯಾಗಿ ಮಾಡ್ತೀನಿ ಅಂದ್ರೂ ಬಿಡಲ್ಲ.

ಅಕ್ಟೋಬರ್ 1ರ ಬೆಳಿಗ್ಗೆ ನಾನು ಆಫೀಸಿಗೆ ಹೋಗಿದ್ದು ಬಾಗಿಲು ಹಾಕೋಕೆ. ಅದಕ್ಕೆ ಅಂತ ಅರ್ಧ ದಿನ ಕೊಡ್ತಾರೆ. ಫರ್ಲೋ ನೋಟಿಸಿಗೆ ಸಹಿ, ಮೇಲ್‌ಗೆ ಆಟೋಮ್ಯಾಟಿಕ್ ಉತ್ತರ, ಫ್ರಿಜ್‌ನಲ್ಲಿದ್ದ ಮೊಸರನ್ನದ ಡಬ್ಬಿ ವಾಪಸ್ ಬ್ಯಾಗಿಗೆ. ಆಮೇಲೆ ಇನ್‌ಕ್ಯುಬೇಟರ್ ತೆಗೆದು ಐದು ತಿಂಗಳಿಂದ ಬೆಳೆಸ್ತಾ ಇದ್ದ ಸೆಲ್‌ಗಳನ್ನ ನಾನೇ ಬ್ಲೀಚ್ ಸುರಿದು ಸಾಯಿಸ್ದೆ, ಯಾಕಂದ್ರೆ ಎರಡು ದಿನಕ್ಕೊಮ್ಮೆ ಅದಕ್ಕೆ ಮೀಡಿಯಾ (ಸೆಲ್ ಬೆಳೆಯೋ ಪೋಷಕ ದ್ರವ) ಬದಲಾಯಿಸೋಕೆ ನನಗೆ ಒಳಗೆ ಬರೋ ಹಕ್ಕಿಲ್ಲ. ಪ್ರಾಣಿಗಳನ್ನ ನೋಡ್ಕೊಳೋರಿಗೆ ಮಾತ್ರ ಬರೋಕೆ ಬಿಟ್ರು, ಅವರಿಗೂ ಸಂಬಳ ಇಲ್ಲ. ಬಾಕಿ ಸಂಬಳ ಕೊಟ್ಟಾಗ ನನ್ನ ದುಡ್ಡು ಬಂತು. ಆ ಐದು ತಿಂಗಳು ಯಾರು ಕೊಡ್ತಾರೆ ಹೇಳಿ. 2013ರಲ್ಲಿ ಇದಕ್ಕಿಂತ ಕಷ್ಟದ್ದು ಕಂಡಿದ್ದೆ, ಇಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೇಲಿ ಹೊಸ ರೋಗಿಗಳನ್ನ ಔಷಧ ಪ್ರಯೋಗಕ್ಕೆ ಸೇರಿಸ್ಕೊಳೋದೇ ಹೆಚ್ಚೂಕಮ್ಮಿ ನಿಂತಿತ್ತು, ಕ್ಯಾನ್ಸರ್ ಬಂದ ಮಕ್ಕಳೂ ಕಾಯೋರಲ್ಲಿದ್ರು.

ಸಂಬಳದ ವಿಷಯಕ್ಕೆ ಬರ್ತೀನಿ. ಇಲ್ಲಿ ಎರಡು ವಾರಕ್ಕೊಮ್ಮೆ ಸಂಬಳ. ಅಕ್ಟೋಬರ್ ಮೊದಲನೇ ಸಂಬಳ ಅರ್ಧಂಬರ್ಧ ಬಂತು, ಆಮೇಲಿನದ್ದು ಸೊನ್ನೆ. ಸ್ಲಿಪ್ ಮಾತ್ರ ಬರುತ್ತೆ ನೋಡಿ, ಎಲ್ಲಾ ಕಾಲಂ ಇರುತ್ತೆ, ಕೊನೇಲಿ ಸೊನ್ನೆ. ಮನೆ ಸಾಲದ ಕಂತು, ಕಾರಿನ ಕಂತು ಅದಕ್ಕೆ ಕಾಯಲ್ಲ. ನಾನು ಮನೇಲೇ ಕೂತಿದ್ರೂ ಮಗನ ಡೇಕೇರ್ ಫೀಸ್ ಕಟ್ಲೇಬೇಕಿತ್ತು, ಬಿಡಿಸಿದ್ರೆ ಸೀಟ್ ಹೋಗುತ್ತೆ, ಮತ್ತೆ ವೇಟಿಂಗ್ ಲಿಸ್ಟ್. ಕ್ರೆಡಿಟ್ ಕಾರ್ಡ್ ಉಜ್ಜಿದ್ದಕ್ಕೆ ಬಿದ್ದ ಬಡ್ಡೀನ ಸರ್ಕಾರ ಕೊಡಲ್ಲ. ಅದು ನಿಮ್ಮ ಭಾವನಿಗೂ ಬಿದ್ದಿರುತ್ತೆ.

ಈಗ ಮಾಡೋದೇನು ಅಂದ್ರೆ, ಕ್ರೆಡಿಟ್ ಯೂನಿಯನ್‌ಗಳು (ನಮ್ಮ ಸಹಕಾರಿ ಬ್ಯಾಂಕ್ ತರದವು) ಶಟ್‌ಡೌನ್ ಟೈಮಲ್ಲಿ ಫೆಡರಲ್ ನೌಕರರಿಗೆ ಬಡ್ಡಿ ಇಲ್ಲದ ಸಾಲ ಕೊಡ್ತಾವೆ, ಆದ್ರೆ ಸಾಮಾನ್ಯವಾಗಿ ಸಂಬಳ ಅಲ್ಲೇ ಜಮಾ ಆಗ್ತಿರಬೇಕು. ಹಾಗಾಗಿ ಜನವರಿ 30ರ ತನಕ ಕಾಯದೆ ಈಗ್ಲೇ ಖಾತೆ ಮಾಡಿಸ್ಲಿ. ಫರ್ಲೋ ಆದ್ರೆ ರಾಜ್ಯದ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಬಹುದು, ಬಾಕಿ ಸಂಬಳ ಬಂದ ಮೇಲೆ ಅದನ್ನ ವಾಪಸ್ ಕಟ್ಟಬೇಕು. ಹೆಲ್ತ್ ಇನ್ಶೂರೆನ್ಸ್ ನಿಲ್ಲಲ್ಲ, ಪ್ರೀಮಿಯಂ ಆಮೇಲೆ ಹಿಡ್ಕೊಳ್ತಾರೆ, ಅಮ್ಮನಿಗೆ ಇದೊಂದು ಖಂಡಿತ ಹೇಳಿ. ರಿಟೈರ್‌ಮೆಂಟ್ ದುಡ್ಡಿಗೆ ಮಾತ್ರ ಕೈ ಹಾಕೋದು ಬೇಡ. ಮತ್ತೆ ಅಪ್ಪ ಕಳಿಸ್ತೀನಿ ಅಂದ್ರೆ ಬೇಡ ಅನ್ಬೇಡಿ, ಅವರು ತಗೊಳ್ದೇ ಇರಬಹುದು, ಕೇಳಿದ್ರು ಅನ್ನೋದೇ ದೊಡ್ಡದಾಗುತ್ತೆ ಅವತ್ತು.

ಜಯನಗರ_4ನೇ_ಬ್ಲಾಕ್

ಯಾರೂ ಕೇಳಲ್ವಾ ಅಂದ್ರಲ್ಲ, ಅದಕ್ಕೆ ಉತ್ತರ. ನಾನು ಬೆಂಗಳೂರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡ್ತೀನಿ, ಪ್ರತಿ ವರ್ಷ ಮಕ್ಕಳು ಇದೇ ಪ್ರಶ್ನೆ ಕೇಳ್ತಾರೆ.

ನಮ್ಮಲ್ಲಿ ಬಜೆಟ್ ಪಾಸಾಗೋದು ತಡ ಆದ್ರೆ ಲೇಖಾನುದಾನ, ಅಂದ್ರೆ ಸ್ವಲ್ಪ ಕಾಲದ ಖರ್ಚಿಗೆ ಮುಂಗಡ ಮಂಜೂರಾತಿ ತಗೋತಾರೆ, ಸಂವಿಧಾನದ 116ನೇ ವಿಧಿಯಲ್ಲೇ ಇದೆ. ಲೋಕಸಭೆ ದುಡ್ಡೇ ಕೊಡಲ್ಲ ಅಂತ ನಿಂತ್ರೆ ಸರ್ಕಾರವೇ ಬಿದ್ದುಹೋಗುತ್ತೆ, ಬಿಕ್ಕಟ್ಟಿನ ಬಿಸಿ ಮಂತ್ರಿಗಳಿಗೆ ತಟ್ಟುತ್ತೆ. ಅಮೆರಿಕದಲ್ಲಿ ಅಧ್ಯಕ್ಷರೇ ಬೇರೆ ಆರಿಸಿ ಬರ್ತಾರೆ, ಕಾಂಗ್ರೆಸ್ಸೇ ಬೇರೆ, ಒಬ್ಬರಿಗೊಬ್ಬರು ಒಪ್ಪದಿದ್ರೂ ಯಾರ ಕುರ್ಚಿಯೂ ಹೋಗಲ್ಲ. ಸೆನೆಟ್‌ನಲ್ಲಿ (ಅಲ್ಲಿನ ಮೇಲ್ಮನೆ) ಇಂಥ ಮಸೂದೆ ಮುಂದೆ ಹೋಗೋಕೆ 100ರಲ್ಲಿ 60 ವೋಟು ಬೇಕು. ಈ ಸಲ ಜಗಳ ಆಗಿದ್ದು ಆರೋಗ್ಯ ವಿಮೆಯ ಸಬ್ಸಿಡಿ ಡಿಸೆಂಬರ್ ಕೊನೆಗೆ ಮುಗಿಯುತ್ತೆ, ಮುಂದುವರಿಸಬೇಕೋ ಬೇಡ್ವೋ ಅಂತ. ವಿಷಯ ದೊಡ್ಡದೇ, ನಾನು ಅಲ್ಲ ಅನ್ನಲ್ಲ, ಆದ್ರೆ ಅದನ್ನ ತೀರ್ಮಾನ ಮಾಡೋವರೆಗೂ ಲಕ್ಷಾಂತರ ಮನೆಗಳ ಒಲೆ ಮೇಲೆ ಕೂತಿದ್ರು. ಸಂಸದರ ಸಂಬಳ ಆ 43 ದಿನವೂ ನಿಲ್ಲಲಿಲ್ಲ, ಅದಕ್ಕೆ ವರ್ಷ ವರ್ಷ ಮಂಜೂರಾತಿ ಬೇಕಿಲ್ಲ. ನನಗೆ ತಡ್ಕೊಳೋಕಾಗದೇ ಇರೋದು ಇದೊಂದು.

ಇನ್ನೊಂದು ತುಂಬಾ ಜನಕ್ಕೆ ಗೊತ್ತಿಲ್ಲ, ಇದು ಆ ದೇಶ ಹುಟ್ಟಿದಾಗಿಂದ ಬಂದ ಪದ್ಧತಿ ಅಲ್ಲ. 1970ರ ದಶಕದಲ್ಲೂ ಎಷ್ಟೋ ಸಲ ದುಡ್ಡು ಮಂಜೂರಾಗೋದು ತಡ ಆಗಿತ್ತು, ಆಫೀಸುಗಳು ಮಾತ್ರ ನಡೀತಾನೇ ಇದ್ವು. 1980ರಲ್ಲಿ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟ್ಟಿ 19ನೇ ಶತಮಾನದ ಹಳೇ ಕಾನೂನು ಓದಿ, ಮಂಜೂರಾತಿ ಇಲ್ಲದೆ ಕೆಲಸ ಮಾಡಿಸೋದು ತಪ್ಪು, ಬಾಗಿಲು ಹಾಕಬೇಕು ಅಂತ ಅಭಿಪ್ರಾಯ ಕೊಟ್ರು. ಅಲ್ಲಿಂದ ಶುರು. 1995-96ರಲ್ಲಿ 21 ದಿನ, 2018-19ರಲ್ಲಿ 35 ದಿನ, 2025ರಲ್ಲಿ 43.

ಬಾಕಿ ಸಂಬಳ ಕೊಡ್ಲೇಬೇಕು ಅನ್ನೋ ಕಾನೂನು ಬಂದಿದ್ದು 2019ರಲ್ಲಿ. ಈ ಅಕ್ಟೋಬರ್‌ನಲ್ಲಿ ಫರ್ಲೋ ಆದವರಿಗೆ ಅದು ತಾನಾಗೇ ಅನ್ವಯ ಆಗಲ್ಲ ಅನ್ನೋ ಮಾತು ಶ್ವೇತಭವನದ ಕಡೆಯಿಂದಲೇ ಬಂತು, ಶಟ್‌ಡೌನ್ ಮಧ್ಯದಲ್ಲೇ ಸಾವಿರಾರು ನೌಕರರಿಗೆ ಕೆಲಸದಿಂದ ತೆಗೆಯೋ ನೋಟಿಸೂ ಹೋಯ್ತು. ನವೆಂಬರ್ 12ರ ಮಸೂದೇಲಿ ಎರಡೂ ಸರಿಹೋಯ್ತು. ಅಲ್ಲಿವರೆಗೆ ನಿಮ್ಮ ಭಾವನಿಗೆ ದುಡ್ಡು ಬರುತ್ತೆ ಅನ್ನೋ ಗ್ಯಾರಂಟಿ ಮನಸ್ಸಲ್ಲಿ ಇರ್ಲಿಲ್ಲ ಮೇಡಂ, ಅದನ್ನ ನೆನಪಿಟ್ಕೊಳ್ಳಿ.

ಧಾರವಾಡ_ಫೇಡಾ

ಪೊಟೊಮ್ಯಾಕ್ ಅಕ್ಕಾರು ಹೇಳಿದ್ದೆಲ್ಲಾ ಖರೇ ಐತಿ, ಆದ್ರ ಒಂದು ಬಿಟ್ಟಾರ. ನಾ ವರ್ಜೀನಿಯಾದಾಗ ಅದೀನಿ, ಫೆಡರಲ್ ಆಫೀಸಿನ್ಯಾಗ ಕುಂತು ಕೆಲಸ ಮಾಡ್ತೀನಿ, ಆದ್ರ ನಾ ಸರ್ಕಾರಿ ನೌಕರ ಅಲ್ರಿ, ಕಾಂಟ್ರ್ಯಾಕ್ಟರ್. ಒಂದೇ ರೂಮು, ಒಂದೇ ಮೀಟಿಂಗು, ಕೊಳ್ಳಾಗಿನ ಬ್ಯಾಡ್ಜಿನ ಬಣ್ಣ ಅಷ್ಟ ಬ್ಯಾರೆ. ಶಟ್‌ಡೌನ್ ಮುಗದ ಮ್ಯಾಲೆ ಬಾಜೂಕಿನವ್ರಿಗೆ ಬಾಕಿ ಪಗಾರ ಬಂತು, ನಮಗ ಬರಲಿಲ್ಲ. 2019ರ ಕಾನೂನಿನ್ಯಾಗ ಕಾಂಟ್ರ್ಯಾಕ್ಟರ್ ಅನ್ನೂ ಶಬ್ದನ ಇಲ್ರಿ. ಸೇರಸ್ರಿ ಅಂತ ಆವಾಗಿಂದ ಮಸೂದಿ ತರ್ತಾರ, ಪಾಸ್ ಆಗೂದಿಲ್ಲ.

ನಮ್ಮ ಕಂಪನಿ ಮೊದಲ ಎರಡು ವಾರ ಇದ್ದ ರಜಾ ಎಲ್ಲಾ ಹಾಕಿಸ್ತು, ಮುಂದ ಬಿನಾಪಗಾರಿ. ಊರಿಗೆ ಬರಾಕ ಅಂತ ಕೂಡಿಸಿಟ್ಟ ರಜಾ ಅವು, ಅವ್ವನ ಕಣ್ಣಿನ ಆಪರೇಷನ್ ಇತ್ತು ಡಿಸೆಂಬರ್‌ದಾಗ, ನನಗ ಹೋಗಾಕ ಆಗಲಿಲ್ಲ.

ಆದ್ರ ನನ್ನದ ಬಿಡ್ರಿ, ನನಗ ಸಾಫ್ಟ್‌ವೇರ್ ಗೊತ್ತೈತಿ, ಇನ್ನೊಂದು ಕೆಲಸ ಸಿಗತೈತಿ. ನಮ್ಮ ಫ್ಲೋರ್ ಕಸ ಹೊಡಿಯಾಕ ಎಲ್ ಸಾಲ್ವಡಾರ್ ಕಡೆ ಹೆಣ್ಣಮಗಳು ಒಬ್ಬಾಕಿ ಬರ್ತಾಳ, ಸಂಜಿ ಐದಕ್ಕ. ಆಕಿದು ತಾಸಿನ ಲೆಕ್ಕದ ಪಗಾರ. ಬಿಲ್ಡಿಂಗ್ ಬಂದ್ ಆತು ಅಂದ್ರ ತಾಸು ಇಲ್ಲ, ತಾಸು ಇಲ್ಲ ಅಂದ್ರ ರೊಕ್ಕ ಇಲ್ಲ. ಸೆಪ್ಟೆಂಬರ್ 30ಕ್ಕ ನನ್ನ ಟೇಬಲ್ ಒರಸ್ಕೋತ ಕೇಳಿದ್ಳು, "ನಾಳೆ ಬರ್ಬೇಕೋ ಬ್ಯಾಡೋ, ನಿಮಗೇನರ ಗೊತ್ತೈತೇನು" ಅಂತ. ಆಕಿಗೆ ಯಾರೂ ಏನೂ ಹೇಳಿರಲಿಲ್ಲ. ನಂಗೂ ಗೊತ್ತಿರಲಿಲ್ಲ ಅಂದೆ.

ಮ್ಯಾಲೆ ನವೆಂಬರ್ 1ಕ್ಕ ಊಟದ ಕಾರ್ಡಿಗೆ ರೊಕ್ಕ ಬೀಳಲಿಲ್ಲ ನೋಡ್ರಿ. ಇಲ್ಲಿ ಸ್ನ್ಯಾಪ್ ಅಂತ ಸ್ಕೀಮ್ ಐತಿ, ಬಡವ್ರಿಗೆ ತಿಂಗಳಾ ತಿಂಗಳಾ ಕಾರ್ಡಿಗೆ ದುಡ್ಡು ಹಾಕ್ತಾರ, ಅಂಗಡ್ಯಾಗ ಆಹಾರ ಅಷ್ಟ ತಗೋಬೇಕು. ಸುಮಾರು 4 ಕೋಟಿ 20 ಲಕ್ಷ ಮಂದಿ ಅದರ ಮ್ಯಾಲೆ ಅದಾರ. ಕೋರ್ಟು, ಮೇಲಿನ ಕೋರ್ಟು ಅಂತ ಎಳದಾಡಿದ್ರು, ಕೆಲವು ರಾಜ್ಯದಾಗ ಬಂತು, ಕೆಲವು ಕಡೆ ಅರ್ಧ, ಕೆಲವು ಕಡೆ ಏನೂ ಇಲ್ಲ. ನಾವು ಗುಡಿಯಾಗ ಶನಿವಾರ ಅಕ್ಕಿ ಬ್ಯಾಳಿ ಪಾಕೀಟ ಮಾಡಿ ಹಂಚಿದ್ವಿ, ಲೈನಿನ್ಯಾಗ ಏರ್‌ಪೋರ್ಟ್ ಸೆಕ್ಯುರಿಟಿ ಯೂನಿಫಾರ್ಮ್ ಹಾಕ್ಕೊಂಡವ್ರೂ ನಿಂತಿದ್ರು, ಡ್ಯೂಟಿ ಮುಗಿಸಿ ಸೀದಾ ಬಂದವ್ರು. ತಲಿ ಎತ್ತಿ ನೋಡಾಕ ಆಗಲಿಲ್ಲ ನನಗ.

ಡಲ್ಲಾಸ್_ಕನ್ನಡಿಗ

ಸರ್ಕಾರಿ ಕೆಲಸಕ್ಕೆ ಸಂಬಂಧನೇ ಇಲ್ಲದ ನಮ್ಮಂಥವರಿಗೂ ಹೊಡೀತು ಇದು. ನನ್ನ ಕಥೆ ಪೂರ್ತಿ ಬರೆಯೋಕೆ ಹೋದ್ರೆ ಉದ್ದ ಆಗುತ್ತೆ, ಚಿಕ್ಕದಾಗಿ ಹೇಳ್ತೀನಿ. ಎಚ್-1ಬಿ ವೀಸಾದಲ್ಲಿ (ಕಂಪನಿ ಮೂಲಕ ಸಿಗೋ ಕೆಲಸದ ವೀಸಾ) ಕೆಲಸ ಹೋದ್ರೆ 60 ದಿನದೊಳಗೆ ಹೊಸ ಕಂಪನಿ ನಮ್ಮ ಅರ್ಜಿ ಹಾಕಬೇಕು. ಅರ್ಜಿ ನೋಡೋ ವಲಸೆ ಇಲಾಖೆ ಫೀಸಿನ ದುಡ್ಡಲ್ಲಿ ನಡೆಯೋದ್ರಿಂದ ಅದು ತೆರೆದೇ ಇತ್ತು, ಆದ್ರೆ ಅದಕ್ಕೂ ಮೊದಲು ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಅನ್ನೋ ಪತ್ರ ಬೇಕು, ಅದರ ವೆಬ್‌ಸೈಟೇ ಅಕ್ಟೋಬರ್ 1ಕ್ಕೆ ಬಂದ್. ಮಾಮೂಲಿ ಒಂದು ವಾರ ಹತ್ತು ದಿನದ ಕೆಲಸ ಅದು. ನನಗೆ ಸೆಪ್ಟೆಂಬರ್‌ನಲ್ಲಿ ಲೇಆಫ್ ಆಗಿತ್ತು, ಕೈಯಲ್ಲಿ ಹೊಸ ಆಫರ್ ಲೆಟರ್ ಇತ್ತು, ಸಬ್ಮಿಟ್ ಮಾಡೋ ಜಾಗ ಇಲ್ಲ. ಹೆಂಡತಿ ಕ್ಯಾಲೆಂಡರಲ್ಲಿ ದಿನ ದಿನ ಗೀಟು ಹಾಕ್ತಿದ್ಲು. ಅಕ್ಟೋಬರ್ ಕೊನೆಗೆ ಶಟ್‌ಡೌನ್ ಮುಗಿಯೋಕೆ ಮೊದಲೇ ಆ ಸೈಟ್ ಮತ್ತೆ ತೆಗೆದ್ರು, ನನ್ನದು 60ನೇ ದಿನಕ್ಕೆ ಐದು ದಿನ ಇರುವಾಗ ಹೋಯ್ತು. 2018-19ರಲ್ಲಿ ಕಾರ್ಮಿಕ ಇಲಾಖೆ ಬಜೆಟ್ ಮೊದಲೇ ಪಾಸಾಗಿತ್ತು, ಅದಕ್ಕೆ ಆಗ ಯಾರಿಗೂ ಈ ತೊಂದರೆ ಗೊತ್ತಾಗಿರ್ಲಿಲ್ಲ, ಈ ಸಲ ವೀಸಾದಲ್ಲಿರೋ ಎಲ್ರೂ ಜನವರಿ 30ಕ್ಕೆ ಮೊದಲೇ ಎಲ್‌ಸಿಎ ಮುಗಿಸ್ಕೊಳ್ಳಿ ದಯವಿಟ್ಟು.

ವಿಮಾನದ ಬಗ್ಗೆ ಒಂದು ಮಾತು. ಅಪ್ಪ ಅಮ್ಮನ್ನ ಕರೆಸ್ಕೊಳೋರು ಆ ದಿನಾಂಕದ ಹತ್ತಿರ ಒಳಗಿನ ಕನೆಕ್ಟಿಂಗ್ ಫ್ಲೈಟ್‌ಗೆ ಜಾಸ್ತಿ ಟೈಮ್ ಇಟ್ಕೊಳ್ಳಿ. ನವೆಂಬರ್ 7ರಿಂದ 40 ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಸರ್ಕಾರವೇ ಫ್ಲೈಟ್ ಕಡಿಮೆ ಮಾಡಿಸ್ತು, ಕಂಟ್ರೋಲರ್‌ಗಳು ಸಾಕಷ್ಟಿಲ್ಲ ಅಂತ. 2019ರ 35 ದಿನದ್ದು ಮುಗಿದಿದ್ದೂ ನ್ಯೂಯಾರ್ಕಿನ ಲಾಗಾರ್ಡಿಯಾದಲ್ಲಿ ವಿಮಾನ ನಿಂತ ದಿನವೇ.

ಸಕಲೇಶಪುರದ_ಮಳೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಇದನ್ನೆಲ್ಲಾ ಅಮ್ಮನಿಗೆ ಓದಿ ಹೇಳ್ದೆ, ಆಮೇಲೆ ಅಕ್ಕನಿಗೆ ಫೋನ್ ಮಾಡಿ ಕ್ರೆಡಿಟ್ ಕಾರ್ಡ್ ಎಷ್ಟಿದೆ ಅಂತ ನೇರ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ಲು, ಆಮೇಲೆ ಹೇಳಿದ್ಲು, ಇನ್ನೂ ತೀರಿಲ್ಲ. ಕ್ರೆಡಿಟ್ ಯೂನಿಯನ್ ಖಾತೆ ಈ ವಾರವೇ ಮಾಡಿಸ್ತಾರಂತೆ. ಅಪ್ಪನ ದುಡ್ಡು ಬೇಡ ಅಂದ್ರು ಭಾವ, ಅಪ್ಪ ಫೋನ್ ಇಸ್ಕೊಂಡು ಅವರ ಹತ್ರ ಅರ್ಧ ಗಂಟೆ ಮಾತಾಡಿದ್ರು, ಏನು ಮಾತಾಡಿದ್ರೋ ಗೊತ್ತಿಲ್ಲ.

ಧಾರವಾಡದ ಅಣ್ಣ, ನಿಮ್ಮಮ್ಮನ ಕಣ್ಣಿನ ಆಪರೇಷನ್ ಏನಾಯ್ತು? ಮತ್ತೆ ಕಸ ಹೊಡೆಯೋಕೆ ಬರ್ತಿದ್ರಲ್ಲ, ಅವರು ವಾಪಸ್ ಬಂದ್ರಾ ಕೆಲಸಕ್ಕೆ? ಅಮ್ಮ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ರು.

ಧಾರವಾಡ_ಫೇಡಾ

ಅವ್ವಂದು ಛಲೋ ಆತ್ರಿ ತಂಗಿ, ತಮ್ಮ ಇದ್ದ ಊರಾಗ, ಕಣ್ಣಿಗೆ ಹಸಿರು ಬಟ್ಟಿ ಕಟಗೊಂಡು ವಿಡಿಯೋದಾಗ ಮಾತಾಡಿದ್ಳು. ಆ ಹೆಣ್ಣಮಗಳು ನವೆಂಬರ್ ಕಡೀ ವಾರ ಬಂದಾಳ. ಆದ್ರ ಈಗ ಒಂದು ಕಡೆ ಅಲ್ಲ, ರಾತ್ರಿ ಹತ್ತರಿಂದ ಒಂದು ಗೋದಾಮಿನ್ಯಾಗೂ ಹೋಗ್ತಾಳಂತ, ಶಟ್‌ಡೌನ್ ಟೈಮಿಗೆ ಹಿಡದ ಕೆಲಸ ಅದು. ಬಿಡ್ಲಿ ಏನು ಅಂದ್ರ ಜನವರಿ 30 ದಾಟಲಿ, ಆಮ್ಯಾಲೆ ನೋಡ್ತೀನಿ ಅಂದ್ಳು.